ಬೆಳೆ ಸಮೀಕ್ಷೆಗೆ ಎರಡು ವರ್ಷ ದುಡಿದ ಫೋನು: ಬ್ಯಾಟರಿ ಬಗ್ಗೆ ಮಾತ್ರ

ಈ ಫೋನು ತಗೊಂಡು ಎರಡು ವರ್ಷ ದಾಟಿತು. ಕ್ಯಾಮೆರಾ ಎಷ್ಟು ಚಂದ, ಗೇಮ್ ಎಷ್ಟು ಸಲೀಸು ಎಂದು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳುವುದು ಒಂದೇ ವಿಷಯ. ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲಲ್ಲಿ ನಿಂತು ಒಂದರ ಹಿಂದೆ ಒಂದು ಫೋಟೊ ತೆಗೆದರೆ ಬ್ಯಾಟರಿ ಎಲ್ಲಿಯವರೆಗೆ ಬರುತ್ತದೆ, ಮತ್ತೆ ಅದು ಹೋಗುವುದಾದರೂ ಎಲ್ಲಿಗೆ?

ನಾನು ವಿಜಯಪುರ ಜಿಲ್ಲೆಯವನು. ಬೆಳೆ ಸಮೀಕ್ಷೆ ಬಂದಾಗ ಪಿಆರ್ (ಪ್ರೈವೇಟ್ ರೆಸಿಡೆಂಟ್, ಅಂದರೆ ಸಮೀಕ್ಷೆಗೆ ತಗೊಳ್ಳುವ ಊರಿನ ಖಾಸಗಿ ವ್ಯಕ್ತಿ) ಆಗಿ ಹೊಲ ಹೊಲ ತಿರುಗುವುದು ನನ್ನ ಕೆಲಸ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಪ್‌ನಲ್ಲಿ ಹಳ್ಳಿಯ ನಕ್ಷೆ ಇಳಿಸಿಕೊಂಡು, ಸರ್ವೆ ನಂಬರಿನ ಗಡಿಯೊಳಗೆ ಹೋಗಿ ನಿಂತು, ಯಾವ ಬೆಳೆ, ಎಷ್ಟು ಜಾಗ ಎಂದು ತುಂಬಿ, ಫೋಟೊ ತೆಗೆಯಬೇಕು. ನಾವು ಹೊಲದಲ್ಲೇ ಇದ್ದೇವೆ ಎಂದು ಜಿಪಿಎಸ್ ಒಪ್ಪಬೇಕು. ಈ ಮಾಹಿತಿಯೇ ಮುಂದೆ ಉತಾರಕ್ಕೆ (ಪಹಣಿಗೆ), ಬೆಳೆ ವಿಮೆಗೆ, ಪರಿಹಾರಕ್ಕೆ ಬೇಕಾಗುವುದು. ಹಾಗಾಗಿ ಫೋನು ನಡುವೆ ಬಂದ್ ಆದರೆ ರೈತರಿಗೆ ಸಿಟ್ಟು ಬರುವುದು ಸಹಜವೇ. "ತಮ್ಮಾ, ನಮ್ಮ ಹೊಲಕ್ಕ ಬಂದಾಗನ ನಿನ್ನ ಫೋನ್ ಸಾಯ್ತೈತಲ್ಲೋ" ಎಂದು ಬಬಲೇಶ್ವರದ ಕಡೆಯ ಕಾಕಾ ಒಬ್ಬರು ಅಂದಿದ್ದರು. ಆಗಿನದು ಹಳೆಯ ಫೋನು. ಅದರ ಕಾಟಕ್ಕೇ ಇದನ್ನು ತಗೊಂಡಿದ್ದು.

ಕಂಪನಿ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಹೆಸರು ಬರೆದರೆ ಮಾತೆಲ್ಲ ಅದರ ಸುತ್ತಲೇ ಸುತ್ತುತ್ತದೆ. 5000 ಎಂಎಎಚ್ ಬ್ಯಾಟರಿ, ಅಮೊಲೆಡ್ ಪರದೆ, ಎರಡು ಸಿಮ್, 5ಜಿ, ಮಧ್ಯಮ ರೇಟು. ಇವತ್ತು ಅಂಗಡಿಗೆ ಹೋದರೆ ಈ ಲೆಕ್ಕದ ಫೋನು ಎಲ್ಲ ಕಂಪನಿಯಲ್ಲೂ ಸಿಗುತ್ತವೆ. ಒಳಗಿನ ಲೆಕ್ಕಾಚಾರವೂ ಎಲ್ಲದರಲ್ಲಿ ಹೆಚ್ಚುಕಮ್ಮಿ ಒಂದೇ.

ಮೊದಲು ಒಂದು ಮಾತು. ಫೋಟೊ ಒತ್ತುವುದಕ್ಕೆ ಬ್ಯಾಟರಿ ಜಾಸ್ತಿ ಹೋಗುವುದಿಲ್ಲ. ಕ್ಯಾಮೆರಾ ತೆರೆದು ನಿಲ್ಲುವುದಕ್ಕೆ ಹೋಗುತ್ತದೆ. ಕ್ಯಾಮೆರಾ ತೆರೆದ ಕೂಡಲೇ ಸೆನ್ಸರ್ ಸೆಕೆಂಡಿಗೆ ಹತ್ತಾರು ಚಿತ್ರ ಹಿಡಿದು ಪ್ರೊಸೆಸರಿಗೆ ಕೊಡುತ್ತಲೇ ಇರುತ್ತದೆ. ಅದು ಬೆಳಕು ಅಳೆಯುತ್ತದೆ, ಫೋಕಸ್ ಹುಡುಕುತ್ತದೆ, ಮುಖ ಇದೆಯಾ ನೋಡುತ್ತದೆ, ಎಲ್ಲವನ್ನೂ ಪರದೆಗೆ ತೋರಿಸುತ್ತದೆ. ನೀವು ಒತ್ತಿ ಅಥವಾ ಸುಮ್ನೆ ನಿಲ್ಲಿ, ಈ ಖರ್ಚು ನಡೆದೇ ಇರುತ್ತದೆ. ಹೊಲದ ಮಾಲೀಕರ ಜೊತೆ ಮಾತಾಡುತ್ತಾ ಕ್ಯಾಮೆರಾ ತೆರೆದೇ ಕೈಯಲ್ಲಿ ಹಿಡಿದುಕೊಂಡಿರುತ್ತೇವೆ ಅಲ್ವಾ, ಅಲ್ಲೇ ಸೋರುವುದು. ಮಾತು ಮುಗಿಯುವವರೆಗೆ ಪರದೆ ಆರಿಸಿ ಜೇಬಿಗೆ ಹಾಕಿ, ಫೋಟೊ ಹೊತ್ತಿಗೆ ಹೊರಗೆ ತೆಗೆದರೆ ಮಧ್ಯಾಹ್ನದ ಹೊತ್ತಿಗೆ ಫರಕು ಚೆನ್ನಾಗಿ ಕಾಣುತ್ತದೆ.

ಇನ್ನು ಪರದೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಹೊಟ್ಟೆಬಾಕ ಇದೇ. ಡೋಣಿ ನದಿ ದಂಡೆಯ ಎರೆ ಹೊಲಗಳನ್ನು ನೋಡಿದವರಿಗೆ ಗೊತ್ತು, ಮೈಲಿಗಟ್ಟಲೆ ಒಂದು ಗಿಡದ ನೆರಳಿರುವುದಿಲ್ಲ. ಮಳೆ ಬಿಟ್ಟ ಮೇಲಿನ ಬಿಸಿಲಿಗೆ ಫೋನು ತನ್ನಷ್ಟಕ್ಕೇ ಬ್ರೈಟ್‌ನೆಸ್ ಪೂರ್ತಿ ಏರಿಸುತ್ತದೆ. ಅಮೊಲೆಡ್ ಪರದೆಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುವಂಥದ್ದು. ಕಪ್ಪು ಇದ್ದ ಕಡೆ ಕರೆಂಟು ಹೆಚ್ಚುಕಡಿಮೆ ಬೇಕಾಗಿಲ್ಲ, ಬಿಳಿ ಇದ್ದ ಕಡೆ ಜಾಸ್ತಿ ಬೇಕು. ಮಟಮಟ ಮಧ್ಯಾಹ್ನ ತೊಗರಿ ಹೊಲದ ಮೇಲೆ ಅರ್ಧ ಪರದೆ ಬರೀ ಆಕಾಶ ಇಟ್ಟುಕೊಂಡು ಫೋಟೊ ತೆಗೆಯುತ್ತೀರಿ ಅಂದರೆ, ಅತಿ ದುಬಾರಿ ಚಿತ್ರವನ್ನು ಅತಿ ದುಬಾರಿ ಬೆಳಕಿನಲ್ಲಿ ನೋಡುತ್ತಿದ್ದೀರಿ ಎಂದೇ ಅರ್ಥ. ಡಾರ್ಕ್ ಮೋಡ್ ಹಾಕಿಟ್ಟರೆ ಮೆನು, ಫಾರ್ಮ್ ತುಂಬುವಾಗ ಉಳಿಯುತ್ತದೆ, ಕ್ಯಾಮೆರಾಕ್ಕೆ ಅದರಿಂದ ಏನೂ ಲಾಭ ಇಲ್ಲ. ನಿಮ್ಮದು ಎಲ್‌ಸಿಡಿ ಪರದೆ ಆದರೆ ಡಾರ್ಕ್ ಮೋಡ್‌ನಿಂದ ಬ್ಯಾಟರಿ ಉಳಿಯುವ ಆಸೆಯನ್ನೇ ಬಿಡಿ. ಅಲ್ಲಿ ಹಿಂದಿನ ದೀಪ ಯಾವಾಗಲೂ ಉರಿಯುತ್ತಲೇ ಇರುತ್ತದೆ.

ಹೆಗಲ ಮೇಲಿನ ಟವೆಲ್ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಬ್ಯಾಟರಿ ಸೇವರ್ ನನಗೆ ಸಿಕ್ಕಿಲ್ಲ. ತಲೆ ಮೇಲಿಂದ ಇಳಿಬಿಟ್ಟು ಫೋನಿನ ಮೇಲೆ ನೆರಳು ಮಾಡಿಕೊಂಡರೆ ಅರ್ಧ ಬ್ರೈಟ್‌ನೆಸ್‌ನಲ್ಲೇ ಎಲ್ಲ ಕಾಣುತ್ತದೆ. ಆಟೊ ಬ್ರೈಟ್‌ನೆಸ್ ತೆಗೆದು ಕೈಯಿಂದ ಇಳಿಸಿಟ್ಟಿರಬೇಕು, ಅಷ್ಟೇ. ನೋಡಿದವರು ನಗುತ್ತಾರೆ, ನಗಲಿ. ಹಳೆಯ ಕಾಲದ ಸ್ಟುಡಿಯೊದವರು ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ ಹಾಗೆ ಕಾಣುತ್ತದೆ.

ಬಿಸಿಲಿನ ಇನ್ನೊಂದು ಕಾಟ ಶಾಖ. ಆಪಲ್ ಕಂಪನಿ ತನ್ನ ಫೋನುಗಳನ್ನು 0ರಿಂದ 35 ಡಿಗ್ರಿ ಹವೆಯಲ್ಲಿ ಬಳಸಿ ಎಂದು ಹೇಳುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹವೆ 40 ದಾಟುವುದು ಯಾರಿಗೂ ಸುದ್ದಿಯೇ ಅಲ್ಲ. ಫೋನು ಕಾದಾಗ ಮೊದಲು ಪರದೆ ಮಂಕಾಗುತ್ತದೆ. ಬೆಳಕು ಬೇಕಾದ ಹೊತ್ತಿಗೇ ಕತ್ತಲು! ಆಮೇಲೆ ಕ್ಯಾಮೆರಾ ತೊದಲುತ್ತದೆ, ಫ್ಲಾಶ್ ಬರುವುದಿಲ್ಲ, ಕೊನೆಗೆ ತಣ್ಣಗಾಗಲು ಬಿಡಿ ಎಂದು ತಾನೇ ಸಂದೇಶ ತೋರಿಸುತ್ತದೆ. ಇಲ್ಲಿ ನನ್ನ ಫೋನಿಗೆ ಒಳ್ಳೆಯ ಅಂಕ ಕೊಡುತ್ತೇನೆ. ಮಂಕಾಗುತ್ತದೆ, ಆದರೆ ಕ್ಯಾಮೆರಾ ಪೂರ್ತಿ ಮುಚ್ಚಿಕೊಂಡದ್ದು ತೀರ ಅಪರೂಪ. ದಪ್ಪ ರಬ್ಬರ್ ಕವರ್ ತೆಗೆದ ಮೇಲೆ ಇನ್ನೂ ಸುಧಾರಿಸಿತು. ಬೈಕಿನ ಹ್ಯಾಂಡಲ್‌ಗೆ ಹೋಲ್ಡರ್ ಹಾಕಿ ಫೋನು ಸಿಕ್ಕಿಸಿಕೊಂಡು ಓಡಾಡುವ ಗೆಳೆಯರಿಗೆ ನನ್ನದೊಂದು ವಿನಂತಿ, ಬೇಡ. ನೇರ ಬಿಸಿಲಿಗೆ ಕಾಯುತ್ತದೆ, ಅದರ ಜೊತೆ ಬೈಕಿನ ನಡುಕ ಕ್ಯಾಮೆರಾದ ಒಳಗಿನ ಸ್ಟೆಬಿಲೈಸರಿಗೆ ಒಳ್ಳೆಯದಲ್ಲ. 2021ರಲ್ಲಿ ಆಪಲ್ ಕೂಡ ಇದೇ ಎಚ್ಚರಿಕೆ ಕೊಟ್ಟಿತ್ತು.

ಜಿಪಿಎಸ್ ಮತ್ತು ನೆಟ್‌ವರ್ಕ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಜನ ಬೈಯುವುದು ಜಿಪಿಎಸ್‌ಗೆ, ತಿನ್ನುವುದು ನೆಟ್‌ವರ್ಕ್. ಟವರ್ ದೂರ ಇದ್ದಷ್ಟೂ ಫೋನು ಜೋರಾಗಿ ಕೂಗಬೇಕು, ಅಂದರೆ ಜಾಸ್ತಿ ಪವರ್‌ನಲ್ಲಿ ಸಿಗ್ನಲ್ ಕಳಿಸಬೇಕು. ಒಂದು ಗೆರೆ ಬಂದು ಹೋಗಿ ಮಾಡುವ ಜಾಗದಲ್ಲಿ ಎರಡೂ ಸಿಮ್ ಟವರ್ ಹುಡುಕುತ್ತಾ ಕೂತರೆ, ಜೇಬಲ್ಲಿ ಇದ್ದ ಫೋನೂ ಬಿಸಿಯಾಗುತ್ತದೆ. ನಾನು ಹೊಲಕ್ಕೆ ಇಳಿಯುವ ಮುಂಚೆ ಎರಡನೇ ಸಿಮ್ ಬಂದ್ ಮಾಡುತ್ತೇನೆ, 5ಜಿ ತೆಗೆದು 4ಜಿಗೆ ಇಡುತ್ತೇನೆ. ಸಿಗ್ನಲ್ ಇಲ್ಲವೇ ಇಲ್ಲ ಎನ್ನುವ ಕಡೆ ಏರೋಪ್ಲೇನ್ ಮೋಡ್. ಇದರಿಂದ ಜಿಪಿಎಸ್ ನಿಲ್ಲುವುದಿಲ್ಲ. ಅದು ಉಪಗ್ರಹದ ಸಿಗ್ನಲನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ತಾನೇನೂ ಕಳಿಸುವುದಿಲ್ಲ. ಆದರೆ ಒಂದು ಸೂಕ್ಷ್ಮ ಇದೆ. ಉಪಗ್ರಹಗಳು ಎಲ್ಲೆಲ್ಲಿ ಇವೆ ಎನ್ನುವ ಮಾಹಿತಿಯನ್ನು ಫೋನು ಇಂಟರ್‌ನೆಟ್‌ನಿಂದ ಬೇಗ ಎಳೆದುಕೊಳ್ಳುತ್ತದೆ. ನೆಟ್ ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ ನಿಧಾನಕ್ಕೆ ಇಳಿಸಿಕೊಳ್ಳಬೇಕು, ಮೊದಲ ಸಲ ಜಾಗ ಹಿಡಿಯಲು ತಡ ಆಗುತ್ತದೆ. ಅದಕ್ಕೇ ಊರೊಳಗೆ ಸಿಗ್ನಲ್ ಇದ್ದಾಗಲೇ ಒಮ್ಮೆ ಮ್ಯಾಪ್ ತೆರೆದು ನೀಲಿ ಚುಕ್ಕೆ ಸರಿಯಾಗಿ ನಿಂತ ಮೇಲೆ ಏರೋಪ್ಲೇನ್ ಮೋಡ್ ಹಾಕಿ ಹೊರಡಿ. ಇದೊಂದು ಉಪಾಯ ನನ್ನ ಜೊತೆ ಕೆಲಸ ಮಾಡುವ ಎಲ್ಲರಿಗೂ ಹೇಳಿದ್ದೇನೆ, ಒಪ್ಪದವರು ಯಾರೂ ಇಲ್ಲ.

ಅಪ್‌ಲೋಡ್ ರಾತ್ರಿ ಮನೆಯಲ್ಲಿ ವೈಫೈ ಮೇಲೆ. ಗೂಗಲ್ ಫೋಟೋಸ್ ಬ್ಯಾಕಪ್ ಕೂಡ ವೈಫೈಗೆ ಮಾತ್ರ ಇಡಿ. 2021ರ ಜೂನ್‌ನಿಂದ ಹೊಸ ಫೋಟೊಗಳೆಲ್ಲ ಪುಕ್ಕಟೆ ಸಿಗುವ 15 ಜಿಬಿ ಜಾಗದ ಲೆಕ್ಕಕ್ಕೇ ಸೇರುತ್ತವೆ, ಹೊಲದ ಫೋಟೊ ಎಲ್ಲ ಅಲ್ಲಿ ತುಂಬಿಸಿಕೊಂಡು ಏನು ಮಾಡುವುದು?

ಇಷ್ಟೆಲ್ಲ ಊಹೆಯಲ್ಲ ಎಂದು ನನಗೆ ಖಾತ್ರಿ ಆಗಿದ್ದು ಗೋಳಗುಮ್ಮಟದಲ್ಲಿ. ಹುಬ್ಬಳ್ಳಿಯಿಂದ ನೆಂಟರು ಬಂದಿದ್ದರು. ಬೆಳಗ್ಗೆ ಗೋಳಗುಮ್ಮಟ, ಆಮೇಲೆ ಟಾಂಗಾದಲ್ಲಿ ಬಾರಾ ಕಮಾನು, ಇಬ್ರಾಹಿಂ ರೋಜಾ. ಮಕ್ಕಳು ಫೋನು ಕೈಗೇ ಕೊಡಲಿಲ್ಲ. ಹೊಲದಲ್ಲಿ ಒಂದು ದಿನಕ್ಕೆ ತೆಗೆಯುವುದಕ್ಕಿಂತ ಜಾಸ್ತಿ ಫೋಟೊ ಆಗಿದ್ದವು. ಸಂಜೆ ನೋಡಿದರೆ ಅರ್ಧದ ಹತ್ತಿರ ಚಾರ್ಜ್ ಇನ್ನೂ ಉಳಿದಿತ್ತು! ಹೊಲದ ದಿನ ಅದೇ ಹೊತ್ತಿಗೆ ಕೆಂಪು ಗೆರೆ. ಕಾರಣ ಬಿಡಿಸಿ ನೋಡಿದರೆ ಸುಲಭ. ಗುಮ್ಮಟದ ಒಳಗೆ ಕತ್ತಲು, ತಂಪು. ಪರದೆ ತಾನೇ ಬ್ರೈಟ್‌ನೆಸ್ ಇಳಿಸಿಕೊಂಡಿತ್ತು, ತೋರಿಸುವ ಚಿತ್ರವೂ ಕಪ್ಪೇ. ಊರ ನಡುವೆ ಟವರ್ ಹತ್ತಿರ. ಸಮೀಕ್ಷೆ ಆಪ್ ಜಾಗ ಹುಡುಕುತ್ತಾ ಕೂತಿರಲಿಲ್ಲ. ಫೋಟೊ ಜಾಸ್ತಿ ಆದರೂ ಖರ್ಚು ಕಡಿಮೆ ಆಗಿದ್ದು ಹೀಗೆ. ಅವತ್ತು ಬ್ಯಾಟರಿ ಒಮ್ಮೆಲೇ ಇಳಿದಿದ್ದು ಒಂದೇ ಕಡೆ. ಏಳು ಅಂತಸ್ತು ಹತ್ತಿ ಪಿಸುಮಾತಿನ ಗ್ಯಾಲರಿಗೆ ಹೋದ ಮೇಲೆ ಮಕ್ಕಳು ಕೂಗು, ಚಪ್ಪಾಳೆ, ಪ್ರತಿಧ್ವನಿ ಎಲ್ಲವನ್ನೂ 4ಕೆ ವಿಡಿಯೊ ಮಾಡುತ್ತಾ ನಿಂತರು. ವಿಡಿಯೊ ಬೇರೆಯದೇ ಲೆಕ್ಕ. ಫುಲ್ ಎಚ್‌ಡಿಗೆ ಇಳಿಸಿ ಎಂದಷ್ಟೇ ಹೇಳಬಲ್ಲೆ. ಗುಮ್ಮಟದ ಪ್ರತಿಧ್ವನಿಗೆ 4ಕೆ ಯಾಕೆ ಬೇಕು ಹೇಳಿ, ಬೇಕಾಗಿರುವುದು ಸದ್ದು.

ಪವರ್ ಬ್ಯಾಂಕ್ ಇಲ್ಲದೆ ಹೊಲದ ಕೆಲಸ ಆಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕಿತ್ತು. 10000 ಎಂಎಎಚ್ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ, 5000ದ ಫೋನು ಎರಡು ಸಲ ತುಂಬುತ್ತದೆ ಎಂದುಕೊಳ್ಳಬೇಡಿ. ಆ 10000 ಒಳಗಿನ ಸೆಲ್‌ನ 3.7 ವೋಲ್ಟ್ ಲೆಕ್ಕ. ಹೊರಗೆ 5 ವೋಲ್ಟ್ ಆಗಿ ಬರುವಾಗ, ನಡುವೆ ಶಾಖವಾಗಿ ಹೋಗುವುದನ್ನೂ ಕಳೆದರೆ, ಸುಮಾರು 6000 ಚಿಲ್ಲರೆ ಎನ್ನಿ. ಹಿಂಭಾಗದಲ್ಲಿ ರೇಟೆಡ್ ಕೆಪಾಸಿಟಿ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದಲ್ಲ, ಅದನ್ನು ಓದಿ. ಬೈಕಿನ ಟ್ಯಾಂಕ್ ಮೇಲಿನ ಚೀಲದಲ್ಲಿ ಇಡಬೇಡಿ, ಅಲ್ಲಿ ಅದು ಒಲೆಯ ಹತ್ತಿರ ಇಟ್ಟಷ್ಟು ಕಾಯುತ್ತದೆ. ಫೋನೂ ಬಿಸಿ, ಪವರ್ ಬ್ಯಾಂಕೂ ಬಿಸಿ ಇದ್ದಾಗ ವೈರು ಸಿಕ್ಕಿಸಿದರೆ ಚಾರ್ಜ್ ಏರುವುದೇ ಇಲ್ಲ. ಬ್ಯಾಟರಿ 45 ಡಿಗ್ರಿಯ ಆಚೀಚೆ ಬಂದರೆ ಫೋನುಗಳು ಸಾಮಾನ್ಯವಾಗಿ ಚಾರ್ಜ್ ನಿಧಾನ ಮಾಡುತ್ತವೆ, ಇಲ್ಲವೇ ನಿಲ್ಲಿಸುತ್ತವೆ. ನನ್ನ ರೂಢಿ ಹೀಗಿದೆ: ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚುವಾಗ ಬೇವಿನ ಗಿಡದ ಕೆಳಗೆ ಕೂತು, ಕವರ್ ತೆಗೆದು, ಫೋನು ಪೂರ್ತಿ ಆರಿಸಿ ಚಾರ್ಜಿಗೆ ಹಾಕುತ್ತೇನೆ. ಊಟ ಆಗಿ ಸ್ವಲ್ಪ ಅಡ್ಡಾಗಿ ಏಳುವಷ್ಟರಲ್ಲಿ ಸಂಜೆಗೆ ಸಾಕಾಗುವಷ್ಟು ಏರಿರುತ್ತದೆ. ಚಹಾದ ಹೋಟೆಲಿನಲ್ಲಿ ಚಾರ್ಜಿಗೆ ಇಡಬಹುದು, ಆದರೆ ಅಲ್ಲಿಯ ಪ್ಲಗ್ ಸಡಿಲ, ಮೇಲಿಂದ ಮಿರ್ಚಿ ಬಜಿ ಎಣ್ಣೆಯ ಸಿಡಿತ.

ಎರಡು ವರ್ಷ ಆಗುವ ಹೊತ್ತಿಗೆ ಬ್ಯಾಟರಿ ಹೇಗಿತ್ತು? ಸುಸ್ತಾಗಿತ್ತು. ಹೊಸದಿದ್ದಾಗ ಮಧ್ಯಾಹ್ನದ ಒಂದು ಚಾರ್ಜ್ ಸಾಕಿತ್ತು, ಆಮೇಲೆ ಸಂಜೆ ನಾಲ್ಕಕ್ಕೆ ಮತ್ತೆ ವೈರು ಹುಡುಕಬೇಕಾಗುತ್ತಿತ್ತು. ಅದಕ್ಕಿಂತ ಕಿರಿಕಿರಿ ಎಂದರೆ ಶೇಕಡಾ 15 ತೋರಿಸುತ್ತಿರುವಾಗಲೇ ಕ್ಯಾಮೆರಾ ತೆರೆದರೆ ಟಪ್ ಅಂತ ಬಂದ್ ಆಗುತ್ತಿತ್ತು. ಬ್ಯಾಟರಿ ಹಳೆಯದಾದಂತೆ ಒಳಗಿನ ರೋಧ (ಕರೆಂಟಿಗೆ ಆಗುವ ಅಡ್ಡಿ) ಏರುತ್ತದೆ. ಕ್ಯಾಮೆರಾ, ಪರದೆ, ಜಿಪಿಎಸ್ ಒಟ್ಟಿಗೇ ಎಳೆದಾಗ ವೋಲ್ಟೇಜ್ ಒಮ್ಮೆಲೇ ಕುಸಿಯುತ್ತದೆ, ಫೋನು ತಡೆಯಲಾರದೆ ಆರುತ್ತದೆ. ಬರೀ ಫೋನ್ ಮಾತಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಫೋಟೊ ತೆಗೆಯುವವರಿಗೇ ಮೊದಲು ಗೊತ್ತಾಗುವುದು. ಲಿಥಿಯಂ ಬ್ಯಾಟರಿಗೆ ಆಗದ್ದು ಎರಡು, ಶಾಖ ಮತ್ತು ತುಂಬಿದ ಚಾರ್ಜಿನಲ್ಲೇ ಬಹಳ ಹೊತ್ತು ಇರುವುದು. ಎರಡೂ ಸೇರಿದರೆ ಇನ್ನೂ ಕೆಟ್ಟದ್ದು. ಸಮೀಕ್ಷೆ ಇಲ್ಲದ ದಿನಗಳಲ್ಲಿ ಶೇಕಡಾ 80ಕ್ಕೇ ನಿಲ್ಲಿಸುವ ಸೆಟ್ಟಿಂಗ್ ಹಾಕಿಡುತ್ತೇನೆ, ಕೆಲಸದ ದಿನ ಮಾತ್ರ ಪೂರ್ತಿ.

ಬ್ಯಾಟರಿ ಬದಲಾಯಿಸಲು ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರೆ ಸ್ಟಾಕ್ ಇಲ್ಲ, ಹೊರಗಿಂದ ತರಿಸಬೇಕು, ಬಂದಾಗ ಫೋನ್ ಮಾಡುತ್ತೇವೆ ಎಂದರು. ಯಾರೂ ಮಾಡಲಿಲ್ಲ. ನಾನೇ ಮೂರು ನಾಲ್ಕು ಸಲ ಮಾಡಿದ ಮೇಲೆ ಬಂತು. ಎರಡು ಸಾವಿರದೊಳಗೆ ಮುಗಿಯಿತು. ಅಲ್ಲಿಯವರೆಗೆ ಬಜಾರಿನಲ್ಲಿ ಅರ್ಧ ರೇಟಿಗೆ ಹಾಕಿಕೊಡುತ್ತೇವೆ ಎಂದವರು ಸಿಕ್ಕರು, ಹೆಸರೇ ಇಲ್ಲದ ಬ್ಯಾಟರಿ. ದಿನವಿಡೀ ಬಿಸಿಲಲ್ಲಿ ಜೇಬಲ್ಲಿ ಇಟ್ಟುಕೊಳ್ಳುವ ವಸ್ತುವಿಗೆ ಅದನ್ನು ಹಾಕಿಸುವ ಧೈರ್ಯ ನನಗಿಲ್ಲ. ಉಬ್ಬಿದ ಬ್ಯಾಟರಿ ಹಿಂದಿನ ಮುಚ್ಚಳವನ್ನು ಎತ್ತಿ ಹಿಡಿದಿದ್ದನ್ನು ಗೆಳೆಯನ ಫೋನಿನಲ್ಲಿ ಕಣ್ಣಾರೆ ನೋಡಿದ್ದೇನೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಡಿಮೆಯಾದ ಒಂದು ಅಂಕ ಆ ಸರ್ವಿಸ್ ಸೆಂಟರಿಗೆ. ನಿಮ್ಮದೂ ಇಂಥದೇ ಕೆಲಸ ಆಗಿದ್ದರೆ, ಮದುವೆ ಫೋಟೊ, ಬಾದಾಮಿ, ಪಟ್ಟದಕಲ್ಲು ತೋರಿಸುವ ಗೈಡ್ ಕೆಲಸ, ವಿಮೆ ಸರ್ವೆ ಏನೇ ಇರಲಿ, 5000 ಇದೆಯೋ 6000 ಇದೆಯೋ ಎಂದು ಜಗ್ಗಾಡುವ ಮೊದಲು ಪರದೆ ಬಿಸಿಲಲ್ಲಿ ಎಷ್ಟು ಕಾಣುತ್ತದೆ, ಫೋನು ಎಷ್ಟು ಬೇಗ ಕಾಯುತ್ತದೆ ನೋಡಿ. ಬ್ಯಾಟರಿ ಎಷ್ಟು ಬಾಳುತ್ತದೆ ಎಂದು ತಿಳಿಯಲು ಇನ್ನೊಂದು ದಾರಿ ಇದೆ. 2025ರ ಜೂನ್ 20ರಿಂದ ಯುರೋಪಿನಲ್ಲಿ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನುಗಳ ಬ್ಯಾಟರಿ 800 ಸಲ ಪೂರ್ತಿ ಚಾರ್ಜ್ ಆದ ಮೇಲೂ ಶೇಕಡಾ 80ರಷ್ಟು ಶಕ್ತಿ ಉಳಿಸಿಕೊಳ್ಳಬೇಕು ಎಂಬ ನಿಯಮ ಇದೆ, ಎಷ್ಟು ಸಲ ಎನ್ನುವುದನ್ನು ಲೇಬಲ್ ಮೇಲೆ ತೋರಿಸಲೂ ಬೇಕು. ನೀವು ನೋಡಿದ ಮಾಡೆಲ್ ಅಲ್ಲಿಯೂ ಮಾರಾಟಕ್ಕಿದ್ದರೆ ಆ ಲೇಬಲ್ ಹುಡುಕಿ ಓದಿ. ಅಲ್ಲಿಯ ಫೋನಿಗೂ ಇಲ್ಲಿಯ ಫೋನಿಗೂ ಬ್ಯಾಟರಿ ಬೇರೆ ಇರಬಹುದು, ಅದನ್ನೂ ಹೊಂದಿಸಿ ನೋಡಿ. ಆಮೇಲೆ ಅಂಗಡಿಯವರಿಗೆ "ಅಣ್ಣಾರ, ಇದನ್ನ ಒಂದೀಟು ಹೊರಗ ಬಿಸಿಲಾಗ ಹಿಡದು ಫೋಟೊ ತಗದು ನೋಡಲೇನ್ರಿ?" ಎಂದು ಕೇಳಿ. ಬಿಡುವುದಿಲ್ಲ ಎಂದರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.