ಬಸ್ಸಿನಲ್ಲೇ ಮಾಲ್ಟಾ ಚಾರಣ: ಕಾರಿಲ್ಲದವರ ಬಹುಕಾಲದ ಬಳಕೆಯ ವಿಮರ್ಶೆ

ಅಂಕ: ನವೆಂಬರ್‌ನಿಂದ ಏಪ್ರಿಲ್‌ವರೆಗೆ ಐದಕ್ಕೆ ನಾಲ್ಕು. ಜುಲೈ, ಆಗಸ್ಟ್‌ನಲ್ಲಿ ಐದಕ್ಕೆ ಎರಡು.

ಮಾಲ್ಟಾದ ಮುಖ್ಯ ದ್ವೀಪದ ಉದ್ದ ಸುಮಾರು 27 ಕಿ.ಮೀ. ಅಷ್ಟೆ. ರೈಲಿಲ್ಲ, ರಾಜಧಾನಿ ವ್ಯಾಲೆಟ್ಟಾದಿಂದ ಹಳೆಯ ಕೋಟೆಪಟ್ಟಣ ಇಮ್ದೀನಾ ಕಡೆಗಿದ್ದ ಒಂದೇ ಒಂದು ಹಳಿಯೂ 1931ರಲ್ಲಿ ಮುಚ್ಚಿತು. ಉಳಿದಿರುವುದು ಬಸ್ಸು ಮತ್ತು ದೋಣಿ. ಚಾರಣಿಗರಿಗೆ ಇದು ಕಾರಿಗಿಂತ ಮೇಲು. ಕಾರಿನಲ್ಲಿ ಹೋದವರು ಎಷ್ಟೇ ನಡೆದರೂ ಕೊನೆಗೆ ಕಾರು ನಿಲ್ಲಿಸಿದ ಜಾಗಕ್ಕೇ ಮರಳಬೇಕು. ಬಸ್ಸಿನವರು ಒಂದು ಊರಲ್ಲಿ ಇಳಿದು, ಕಡಲಂಚಿನಲ್ಲಿ ನಡೆದು, ಇನ್ನೊಂದು ಊರಲ್ಲಿ ಹತ್ತಬಹುದು.

ಆದರೆ ಎಲ್ಲಿ ಇಳಿಯಬೇಕು, ಎಲ್ಲಿ ಹತ್ತಬೇಕು ಎಂಬುದರಲ್ಲೇ ಇಡೀ ದಿನದ ಹಣೆಬರಹ ಇದೆ. ಬಸ್ಸು ಅಪರೂಪವಾಗಿರುವ ಕಡೆಯಿಂದ ನಡಿಗೆ ಶುರು ಮಾಡಿ, ಬಸ್ಸು ಮೇಲಿಂದ ಮೇಲೆ ಬರುವ ಕಡೆ ಮುಗಿಸಿ. ಬೆಳಿಗ್ಗೆ ಗಂಟೆಗೊಂದರಂತೆ ಬರುವ ಬಸ್ಸಿಗೆ ಸಮಯ ನೋಡಿಕೊಂಡು ಹೋಗುವುದು ಸುಲಭ. ಸಂಜೆ ಕಾಲು ಸೋತು, ಎಷ್ಟು ಹೊತ್ತಿಗೆ ತಲುಪುತ್ತೇವೆಂದು ಗೊತ್ತಿಲ್ಲದಾಗ ಅದೇ ಬಸ್ಸಿಗೆ ಕಾಯುವುದು ಶಿಕ್ಷೆ. ಹೆಚ್ಚಿನ ನಡಿಗೆ ಕೈಪಿಡಿಗಳು ನೋಟ ಚೆನ್ನಾಗಿರುವ ದಿಕ್ಕನ್ನು ಹೇಳುತ್ತವೆಯೇ ಹೊರತು ಬಸ್ಸಿನ ದಿಕ್ಕನ್ನಲ್ಲ.

ವಾಯವ್ಯ ಕರಾವಳಿಯನ್ನೇ ನೋಡಿ. ಎಲ್ಲರೂ ಗೋಲ್ಡನ್ ಬೇಯಲ್ಲಿ ಇಳಿದು ದಕ್ಷಿಣಕ್ಕೆ ಇಮ್ಜಾರ್ ಹಳ್ಳಿಯ ಕಡೆ ನಡೆದು, ಅಲ್ಲಿ ಬಸ್ಸಿಗೆ ಕಾಯುತ್ತಾ ಕೂರುತ್ತಾರೆ. ಅದನ್ನೇ ತಿರುಗಿಸಿ. ಮೆಲ್ಲೀಹಾ ಕಡೆಯಿಂದ 101ನೇ ನಂಬರಿನ ಬಸ್ಸು ಹಿಡಿದು ಬೆಳಿಗ್ಗೆಯೇ ಇಮ್ಜಾರ್‌ನಲ್ಲಿ ಇಳಿಯಿರಿ. ಡಾಂಬರು ರಸ್ತೆಯಲ್ಲಿ ಎರಡೂವರೆ ಕಿ.ಮೀ. ಇಳಿದರೆ ಜ್ನೈನಾ ಕೊಲ್ಲಿ. ಅಲ್ಲಿಂದ ಚಪ್ಪಟೆ ತಲೆಯ ಇಲ್ ಅರ್ರಾಬಾ ದಿಬ್ಬದ ಕತ್ತು ದಾಟಿ ಆಯ್ನ್ ತುಫ್ಫೀಹಾ ಕಡಲತೀರ. ಮೇಲೆ 1637ರ ಕಾವಲು ಗೋಪುರ. ಗೋಲ್ಡನ್ ಬೇ ದಾಟಿದ ಮೇಲೆ ಮಯ್ಯಿಸ್ತ್ರಾಲ್ ಉದ್ಯಾನದ ಬಂಡೆಯಂಚು ಹಿಡಿದು ಉತ್ತರಕ್ಕೆ ಇಲ್ ಪ್ರಾಯೆತ್ ಕೊಲ್ಲಿಯ ತನಕ, ಅಲ್ಲಿಂದ ಬಲಕ್ಕೆ ತಿರುಗಿ ಆದೀರಾ ಕೊಲ್ಲಿಗೆ. ಒಟ್ಟು 12 ಕಿ.ಮೀ. ಆಸುಪಾಸು, ನಿಧಾನವಾಗಿ ಐದು ಗಂಟೆ. ಮುಗಿಯುವ ಜಾಗ 41, 42, 222 ಓಡಾಡುವ ಹೆದ್ದಾರಿ. ನಡುವೆ ಮಳೆ ಬಂದರೆ ಗೋಲ್ಡನ್ ಬೇಯಲ್ಲೇ ಬಿಟ್ಟು 44 (ವ್ಯಾಲೆಟ್ಟಾ) ಅಥವಾ 225 (ಸ್ಲೀಮಾ) ಹತ್ತಬಹುದು.

ಮಳೆ ಅಂದಾಗ ಇಲ್ಲಿಯ ಜೇಡಿಯ ಬಗ್ಗೆ ಹೇಳಲೇಬೇಕು. ಮೇಲೆ ಗಟ್ಟಿ ಸುಣ್ಣಕಲ್ಲು, ಅದರಡಿ ನೀಲಿ ಜೇಡಿಯ ಪದರ. ಮಳೆ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು ಜೇಡಿಯ ಮೇಲೆ ನಿಂತುಬಿಡುತ್ತದೆ, ಕೆಳಗೆ ಹೋಗಲಾರದು. ಹೀಗಾಗಿ ಮೇಲಿನ ಬಂಡೆ ಒಣಗಿ ಬೆಳ್ಳಗಾಗಿದ್ದರೂ ಅರ್ರಾಬಾದ ಇಳಿಜಾರು ದಿನಗಟ್ಟಲೆ ಜಾರುತ್ತಲೇ ಇರುತ್ತದೆ. ಬೂಟಿನ ಹಲ್ಲುಗಳ ನಡುವೆ ಜೇಡಿ ತುಂಬಿಕೊಂಡರೆ ಅಟ್ಟೆ ನುಣ್ಣಗಾಗಿಬಿಡುತ್ತದೆ. ಎಂಥ ದುಬಾರಿ ಬೂಟೂ ಅಲ್ಲಿ ಹವಾಯಿ ಚಪ್ಪಲಿಗೆ ಸಮ. ಜೋರು ಮಳೆಯಾಗಿ ಎರಡು ಮೂರು ದಿನ ಕಳೆಯುವವರೆಗೆ ಈ ಭಾಗ ಬಿಟ್ಟು ಗೋಲ್ಡನ್ ಬೇಯಿಂದಲೇ ಶುರು ಮಾಡಿ. ಸುಣ್ಣಕಲ್ಲಿನ ಮೇಲಿನ ತೊಂದರೆ ಬೇರೆ ಬಗೆಯದು: ನೀರು ಕೊರೆದ ಚೂಪು ಗುಳಿಗಳು ಪಾದ ತಿರುಚುತ್ತವೆ. ಕಣಕಾಲು ಮುಚ್ಚುವ ಬೂಟು, ಮುಳ್ಳುಗಿಡಕ್ಕೆ ಉದ್ದ ಪ್ಯಾಂಟು, ಇವೆರಡೂ ಬೇಕು.

ದಿಂಗ್ಲಿ ಬಂಡೆಸಾಲು ಎರಡನೆಯ ಆಯ್ಕೆ. ವಿಮಾನ ನಿಲ್ದಾಣ ಮತ್ತು ರಬಾತ್ ನಡುವೆ ಓಡುವ 201 ಬಂಡೆಯಂಚಿನಲ್ಲೇ ಹಾದುಹೋಗುತ್ತದೆ. ಅದು ತಪ್ಪಿದರೆ ವ್ಯಾಲೆಟ್ಟಾದಿಂದ 52 ಹತ್ತಿ ದಿಂಗ್ಲಿ ಊರಲ್ಲಿ ಇಳಿದು ಕಿಲೋಮೀಟರಿನಷ್ಟು ನಡೆಯಿರಿ. ದ್ವೀಪದ ಅತಿ ಎತ್ತರದ ಜಾಗ, 253 ಮೀಟರಿನ ತಾ ದ್ಮೇಯ್ರೆಕ್, ಇಲ್ಲೇ ಇದೆ. ಶಿಖರ ಎಂದುಕೊಂಡು ಹುಡುಕಬೇಡಿ. ರಸ್ತೆ ಬದಿಯ ಬಯಲು ಅದು. ಕಡಲನ್ನು ಬಲಗೈಗೆ ಇಟ್ಟುಕೊಂಡು ಆಗ್ನೇಯಕ್ಕೆ ನಡೆದರೆ ಸುಮಾರು 10 ಕಿ.ಮೀ.ಗೆ ಹಾಜಾರ್ ಇಮ್ ಶಿಲಾಯುಗದ ದೇಗುಲ. ದಾರಿಯುದ್ದಕ್ಕೂ ದೂರದಲ್ಲಿ ಫಿಲ್‌ಫ್ಲಾ ನಡುಗಡ್ಡೆ ಕಾಣುತ್ತಿದ್ದರೆ ದಿಕ್ಕು ಸರಿಯಿದೆ ಎಂದರ್ಥ. ಮುಗಿಯುವ ಕಡೆ 74 ಮತ್ತು 201 ಎರಡೂ ಸಿಗುತ್ತವೆ. ನಡುವೆ ಅಂಗಡಿ ಇಲ್ಲ, ನೆರಳಂತೂ ಕೇಳಲೇಬೇಡಿ. ಚಳಿಗಾಲದಲ್ಲೂ ಎರಡು ಲೀಟರ್ ನೀರು ಹೊತ್ತುಕೊಳ್ಳಿ.

ವಿಕ್ಟೋರಿಯಾ ಲೈನ್ಸ್ ಬಗ್ಗೆ ಹೊಗಳಿಕೆ ಬಹಳ, ಬಾಳಿಕೆ ಕಡಿಮೆ. ಬ್ರಿಟಿಷರು ಕಟ್ಟಿ 1897ರಲ್ಲಿ ರಾಣಿಯ ಆಳ್ವಿಕೆಯ ಅರವತ್ತನೇ ವರ್ಷಕ್ಕೆಂದು ಹೆಸರಿಟ್ಟ 12 ಕಿ.ಮೀ. ಕೋಟೆಗೋಡೆ ಇದು. ಎಷ್ಟೋ ಕಡೆ ಗೋಡೆ ಕುಸಿದಿದೆ, ಪೊದೆ ಮುಚ್ಚಿದೆ. ಪೂರ್ತಿ ನಡೆಯುವ ಹಟ ಬೇಡ. ಪಶ್ಚಿಮದ ಬಿಂಜೆಮ್ಮಾ ಕಡೆಯಿಂದ ಮೊಸ್ತಾವರೆಗಿನ ಭಾಗ ನಡೆದರೆ ಸಾಕು. ಮೊಸ್ತಾದಲ್ಲಿ ಬಸ್ಸಿಗೆ ಬರವಿಲ್ಲ.

ಗೋಜೊ ದ್ವೀಪದ ಬಸ್ಸುಗಳದು ಬಂಡಿಚಕ್ರದ ಲೆಕ್ಕ. ಬಹುತೇಕ ಎಲ್ಲವೂ ನಡುವಿನ ವಿಕ್ಟೋರಿಯಾ ಪಟ್ಟಣದಿಂದ ಹೊರಟು ಅಲ್ಲಿಗೇ ಮರಳುತ್ತವೆ, ಅಂಚಿನ ಒಂದೂರಿಂದ ಪಕ್ಕದ ಊರಿಗೆ ಹೋಗಲೂ ನಡುವಿಗೆ ಬರಬೇಕು. ಅದಕ್ಕೇ ಇಲ್ಲಿ ಬೆಳಗಿನ ಬಸ್ಸನ್ನೇ ಬಿಟ್ಟುಬಿಡಿ. ದೋಣಿ ಇಳಿದ ಇಮ್ಜಾರ್ ಬಂದರಿನಿಂದಲೇ ನಡೆಯಲು ಶುರು ಮಾಡಿ: ಚಾಂಬ್ರೇ ಕೋಟೆ, ಕಿರುಕಣಿವೆಯಂಥ ಇಮ್ಜಾರ್ ಇಶ್ಶೀನಿ, ತಾ ಚೆಂಚ್ ಬಂಡೆಗಳು, ಸನ್ನಾತ್ ಹಳ್ಳಿ, ಕೊನೆಗೆ ವಿಕ್ಟೋರಿಯಾ. ಅಲ್ಲಿಂದ ಬಂದರಿಗೆ ಬಸ್ಸು. ಕಡಲತಡಿಯ ದ್ವೇಯ್ರಾಕ್ಕೆ 311, ಮಾರ್ಸಾಲ್‌ಫೋರ್ನ್‌ಗೆ 310ನೇ ಬಸ್ಸು. ಹಳೆಯ ಪುಸ್ತಕದಲ್ಲಿರುವ ದ್ವೇಯ್ರಾದ ಕಲ್ಲಿನ ಕಮಾನು ನೋಡಲು ಹೋಗುವುದಾದರೆ, ಅದು 2017ರ ಮಾರ್ಚ್ 8ರಂದೇ ಬಿರುಗಾಳಿಗೆ ಕಡಲು ಸೇರಿದೆ.

ಮೂರು ಇಮ್ಜಾರ್‌ಗಳು ಬಂದವು, ಗಮನಿಸಿದಿರಾ? ಮಾಲ್ಟಾದ ಹಳ್ಳಿ, ಗೋಜೊದ ಬಂದರು, ಗೋಜೊದ ಕಣಿವೆ. ಬಸ್ಸಿನ ಆ್ಯಪ್‌ನಲ್ಲಿ ಹುಡುಕುವಾಗ ದ್ವೀಪ ಯಾವುದೆಂದು ನೋಡದೆ ಒತ್ತಿದರೆ ದೋಣಿ ಹತ್ತಿಸಿಬಿಡುತ್ತದೆ. ರಬಾತ್ ಕೂಡ ಎರಡು. ಗೋಜೊದವರು ವಿಕ್ಟೋರಿಯಾವನ್ನು ರಬಾತ್ ಎಂದೇ ಕರೆಯುತ್ತಾರೆ. ನಿಲ್ದಾಣದ ಹೆಸರು ಓದಲು ಇಷ್ಟು ನೆನಪಿಟ್ಟರೆ ಸಾಕು: ಎಕ್ಸ್ ಅಂದರೆ ಶ, ಚುಕ್ಕಿ ಇರುವ ಜಿ ಅಂದರೆ ಜ, ಚುಕ್ಕಿ ಇರುವ ಸಿ ಅಂದರೆ ಚ. ಕ್ಯೂ ಗಂಟಲಲ್ಲೇ ನಿಂತುಹೋಗುವ ದನಿ. ಅಡ್ಡಗೆರೆಯ ಎಚ್ ಅನ್ನು ಹ ಎಂದೇ ಓದಿ. ಅದರ ಹಿಂದೆ ಜಿ ಇದ್ದರೆ ಎರಡಕ್ಕೂ ದನಿಯಿಲ್ಲ.

ಬಸ್ಸಿನ ರೀತಿನೀತಿ: ವಾಹನಗಳು ನಮ್ಮಂತೆ ಎಡಬದಿಯಲ್ಲಿ ಓಡುತ್ತವೆ, ಹಾಗಾಗಿ ಎದುರು ಬದಿಯ ನಿಲ್ದಾಣದಲ್ಲಿ ಕಾಯುವ ತಪ್ಪು ನಮ್ಮವರಿಗೆ ಆಗುವುದು ಕಡಿಮೆ. ಕೈ ಅಡ್ಡ ಮಾಡದಿದ್ದರೆ ಬಸ್ಸು ನಿಲ್ಲದೆ ಹೋಗಬಹುದು. ಕೈ ಮಾಡಿದರೂ ತುಂಬಿದ ಬಸ್ಸು ನಿಲ್ಲುವುದಿಲ್ಲ. ನಮ್ಮಲ್ಲಿಯಂತೆ ಬಾಗಿಲಲ್ಲಿ ನೇತಾಡುವ ಅನುಕೂಲ ಇಲ್ಲಿಲ್ಲ. ಬೇಸಿಗೆಯ ಸಂಜೆ ಗೋಜೊ ದೋಣಿ ಬರುವ ಚಿರ್ಕೇವ್ವಾ ದೋಣಿಕಟ್ಟೆಯಲ್ಲೇ ಬಸ್ಸು ತುಂಬಿಬಿಟ್ಟರೆ ಮುಂದಿನ ಆದೀರಾದಲ್ಲಿ ಕಾಯುವವರ ಎದುರು ಒಂದರ ಹಿಂದೊಂದು ಹಾದುಹೋಗುತ್ತವೆ. ಮಧ್ಯದ ನಿಲ್ದಾಣದಲ್ಲಿ ನಿಂತು ಶಪಿಸುವ ಬದಲು, ಆಗುವುದಾದರೆ ಬಸ್ಸು ಹೊರಡುವ ಜಾಗಕ್ಕೇ ಹೋಗಿ ಹತ್ತುವುದು ಜಾಣತನ. ಆ್ಯಪ್ ತೋರಿಸುವ ಸಮಯ ಇಮ್ಸೀದಾ, ಬಿರ್ಕಿರ್ಕಾರಾದ ವಾಹನ ದಟ್ಟಣೆಯಲ್ಲಿ ಹೆಚ್ಚುಕಡಿಮೆ ಆಗುತ್ತದೆ. ವಿಮಾನ ಹಿಡಿಯುವ ದಿನ ಚಾರಣ ಬೇಡ. ಚಾಲಕರಲ್ಲಿ ಭಾರತದವರೂ ಇದ್ದಾರೆ; ಸಂದೇಹ ಬಂದರೆ ಹಿಂದಿಯಲ್ಲಿ ಕೇಳಿದರೂ ಉತ್ತರ ಸಿಗುವುದುಂಟು.

ಕಲ್ಲಿನ ಮೇಲೆ ಬಣ್ಣದಲ್ಲಿ ಆರ್‌ಟಿಒ ಎಂದು ಬರೆದಿದ್ದರೆ ನಗಬೇಡಿ, ಡ್ರೈವಿಂಗ್ ಲೈಸೆನ್ಸಿನ ಕಚೇರಿಯಲ್ಲ ಅದು. "ಮಾಲೀಕರಿಗೆ ಮೀಸಲು" ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ಬಹುಪಾಲು ಹಕ್ಕಿ ಬೇಟೆಗಾರರು ಬರೆದದ್ದು. ಸೆಪ್ಟೆಂಬರ್‌ನಿಂದ ಜನವರಿ ಅಂತ್ಯದವರೆಗೆ ಬೆಳಗಿನ ಹೊತ್ತು ಗುಂಡಿನ ಸದ್ದು ಸಾಮಾನ್ಯ. ವಾದಕ್ಕೆ ನಿಲ್ಲದೆ ಬಂಡೆಯಂಚಿನ ದಾರಿ ಹಿಡಿಯಿರಿ, ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಹಾಕಿಕೊಳ್ಳಿ. ದಾರಿಗುರುತುಗಳನ್ನು ನಂಬದೆ ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ಬುತ್ತಿಗೆ ಪಸ್ತಿತ್ಸಿ: ಪದರ ಪದರ ಹಿಟ್ಟಿನೊಳಗೆ ರಿಕೊಟ್ಟಾ ಚೀಸ್ ಅಥವಾ ಬಟಾಣಿ. ಹೂರಣ ಸಸ್ಯಾಹಾರವೇ ಆದರೂ ಹಿಟ್ಟಿಗೆ ಕೆಲವರು ಹಂದಿಕೊಬ್ಬು ಬಳಸುತ್ತಾರೆ, ಕೇಳಿ ತೆಗೆದುಕೊಳ್ಳಿ.

ಕೊನೆಗೆ ಟಿಕೆಟ್ಟು. ಬೇಸಿಗೆ ದರ ಒಂದಕ್ಕೆ 2.50 ಯೂರೊ, ಎರಡು ಗಂಟೆಯೊಳಗೆ ಬಸ್ಸು ಬದಲಿಸಬಹುದು. ಏಳು ದಿನದ ಕಾರ್ಡು 25 ಯೂರೊ, ಹನ್ನೆರಡು ಪ್ರಯಾಣದ್ದು 19. ಚಾರಣದ ದಿನ ಹೋಗಲೊಂದು, ಬರಲೊಂದು, ಎರಡೇ ಟಿಕೆಟ್ಟು ಬೇಕಾಗುವುದು. ಅಂದರೆ ಈ ದರದಲ್ಲಿ ಏಳು ದಿನದ ಕಾರ್ಡಿನ ದುಡ್ಡು ಹುಟ್ಟಲು ಏಳರಲ್ಲಿ ಐದು ದಿನವಾದರೂ ನಡೆಯಬೇಕು. ಹನ್ನೆರಡರ ಕಾರ್ಡನ್ನು ಹಂಚಿಕೊಳ್ಳಬಹುದು. ಇಬ್ಬರಿಗೆ ಮೂರು ದಿನಕ್ಕೆ ಸರಿಯಾಗಿ ಮುಗಿಯುತ್ತದೆ. ಕೆಲಸಕ್ಕೆಂದು ಬಂದು ನೆಲೆಸಿರುವ ನಮ್ಮವರು ತಮ್ಮ ಹೆಸರಿನ ತಲ್ಲಿನ್ಯಾ ಬಸ್ ಕಾರ್ಡು ಮಾಡಿಸಿಕೊಳ್ಳಲಿ: 2022ರ ಅಕ್ಟೋಬರ್‌ನಿಂದ ಅದು ಇದ್ದವರಿಗೆ ಸಾಮಾನ್ಯ ಬಸ್ಸು ಉಚಿತ. ಗೋಜೊ ದೋಣಿಗೆ 4.65 ಯೂರೊ, ಅದನ್ನು ತೆಗೆದುಕೊಳ್ಳುವುದು ಗೋಜೊದಿಂದ ಮರಳುವಾಗ ಮಾತ್ರ. ಹೀಗಾಗಿ ಚಿರ್ಕೇವ್ವಾದಿಂದ ದೊಡ್ಡ ದೋಣಿಯಲ್ಲಿ ಹೋಗಿ, ಸಂಜೆ ವ್ಯಾಲೆಟ್ಟಾಕ್ಕೆ ನೇರ ಬರುವ ವೇಗದ ದೋಣಿಯಲ್ಲಿ ಮರಳಿದರೆ ದೊಡ್ಡ ದೋಣಿಗೆ ಕಾಸೇ ಇಲ್ಲ. ಮುಕ್ಕಾಲು ಗಂಟೆಯಲ್ಲಿ ಊರು. ಜೋರು ಗಾಳಿಯ ದಿನ ಮೊದಲು ರದ್ದಾಗುವುದು ಮಾತ್ರ ಆ ವೇಗದ ದೋಣಿಯೇ.