ಖಾಸಗಿ ಬ್ಯಾಂಕಿನ ಉಳಿತಾಯ ಖಾತೆ: ಹತ್ತು ವರ್ಷ ಬಳಸಿದ ಮೇಲೆ ಶುಲ್ಕಗಳ ಬಗ್ಗೆ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಈ ಖಾತೆಯ ಆ್ಯಪ್ ಚೆನ್ನಾಗಿದೆ. ಬ್ರಾಂಚಿನಲ್ಲಿ ಮರ್ಯಾದೆಯಿಂದ ಮಾತಾಡಿಸುತ್ತಾರೆ. ಕಳಿಸಿದ ದುಡ್ಡು ತಕ್ಷಣ ತಲುಪುತ್ತದೆ. ಆದರೂ ನನ್ನ ಮುಖ್ಯ ವ್ಯವಹಾರವನ್ನು ಇಲ್ಲಿಂದ ಬೇರೆ ಬ್ಯಾಂಕಿಗೆ ಬದಲಾಯಿಸಿದ್ದೇನೆ. ಕಾರಣ ಶುಲ್ಕ, ಬೇರೇನಿಲ್ಲ. ಒಂದೊಂದನ್ನೇ ನೋಡಿದರೆ ಚಿಕ್ಕದು, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಲ ಸೇರಿಸಿ ನೋಡಿದರೆ ಖಾತೆಗೆ ಬರುವ ಬಡ್ಡಿಗಿಂತ ಹೋಗುವ ದುಡ್ಡೇ ಜಾಸ್ತಿ. ಬ್ಯಾಂಕಿನ ಹೆಸರು ಹಾಕಿಲ್ಲ. ಖಾಸಗಿ ಬ್ಯಾಂಕಿನಲ್ಲಿ ಸಾಮಾನ್ಯ ಉಳಿತಾಯ ಖಾತೆ ಇರುವ ತುಂಬಾ ಜನರಿಗೆ ಇದೇ ಆಗುತ್ತಿದೆ.

ಶುರುವಿನಲ್ಲಿ ಇದು ಸ್ಯಾಲರಿ ಅಕೌಂಟ್. ಕಂಪನಿಯವರೇ ತೆರೆಸಿದ್ದು. ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಕಾರ್ಡಿಗೆ ದುಡ್ಡಿಲ್ಲ, ಚೆಕ್ ಬುಕ್ ಉಚಿತ. ಆಗ ಯಾರಾದರೂ ಕೇಳಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಕೆಲಸ ಬದಲಾಯಿತು, ಹೊಸ ಕಂಪನಿ ಬೇರೆ ಬ್ಯಾಂಕಿನಲ್ಲಿ ಖಾತೆ ಮಾಡಿಸಿತು. ಕೆಲವು ತಿಂಗಳು ಸಂಬಳ ಬೀಳದೆ ಹೋದರೆ ಸ್ಯಾಲರಿ ಅಕೌಂಟು ಸಾಮಾನ್ಯ ಖಾತೆಯಾಗಿ ಬದಲಾಗುವುದು ಹೆಚ್ಚಿನ ಬ್ಯಾಂಕುಗಳಲ್ಲಿ ರೂಢಿ. ನನ್ನದೂ ಹಾಗೇ ಬದಲಾಯಿತು. ಅಕೌಂಟ್ ನಂಬರ್ ಅದೇ, ಕಾರ್ಡ್ ಅದೇ, ಆ್ಯಪ್ ಅದೇ. ಬದಲಾಗಿದ್ದು ಒಂದೇ: ಇನ್ನು ಮೇಲೆ ತಿಂಗಳ ಸರಾಸರಿ 10,000 ರೂಪಾಯಿ ಇರಬೇಕು.

ಈ ಸರಾಸರಿ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಎಡವುವುದು ಇಲ್ಲೇ. ತಿಂಗಳ ಕೊನೆಗೆ 10,000 ಇದ್ದರೆ ಸಾಕು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಪ್ರತಿ ದಿನದ ಕೊನೆಯಲ್ಲಿ ಖಾತೆಯಲ್ಲಿ ಎಷ್ಟಿತ್ತು ಎಂದು ಕೂಡಿಸುತ್ತಾ ಹೋಗಿ, ಕೊನೆಗೆ ತಿಂಗಳ ದಿನಗಳಿಂದ ಭಾಗಿಸುತ್ತಾರೆ. 30 ದಿನದ ತಿಂಗಳಾದರೆ ಒಟ್ಟು ಮೊತ್ತ 3,00,000 ಆಗಬೇಕು. ಮೊದಲ 20 ದಿನ ಖಾತೆಯಲ್ಲಿ ಬರೀ 4,000 ಇತ್ತು ಅನ್ನಿ. ಅಲ್ಲಿಗೆ 80,000 ಆಯಿತು. ಬಾಕಿ 2,20,000 ತುಂಬಲು ಉಳಿದ 10 ದಿನವೂ 22,000 ಇರಬೇಕು. ಕೊನೆಯ ವಾರದಲ್ಲಿ ಗಡಿಬಿಡಿಯಿಂದ 10,000 ಹಾಕಿದರೆ ದಂಡ ತಪ್ಪುವುದಿಲ್ಲ. ಅದೇ ಒಂದು ಲಕ್ಷ ಇರುವವರು ಮೂರೇ ದಿನ ಇಟ್ಟು ತೆಗೆದರೂ ಲೆಕ್ಕ ಸರಿಹೋಗುತ್ತದೆ! ದುಡ್ಡಿದ್ದವರಿಗೆ ಮೂರು ದಿನದ ಕೆಲಸ, ಇಲ್ಲದವರಿಗೆ ತಿಂಗಳಿಡೀ ಕಾವಲು. ನನಗೆ ಅತಿ ಹೆಚ್ಚು ಬೇಸರ ತರಿಸುವ ವಿಷಯ ಇದು.

ದಂಡ ಎಷ್ಟು? ಕೊರತೆಯ ಶೇ 6 ಅಥವಾ 600 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಖಾಸಗಿ ಬ್ಯಾಂಕುಗಳಲ್ಲಿ ಇಂಥ ಲೆಕ್ಕ ಸಾಮಾನ್ಯ. ಸರಾಸರಿ 4,000 ಇದ್ದರೆ ಕೊರತೆ 6,000, ದಂಡ 360. ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು 424 ರೂಪಾಯಿ 80 ಪೈಸೆ, ಒಂದೇ ತಿಂಗಳಿಗೆ. ಈಗ ಬಡ್ಡಿ ನೋಡಿ. ದೊಡ್ಡ ಬ್ಯಾಂಕುಗಳು ಉಳಿತಾಯ ಖಾತೆಗೆ ಕೊಡುತ್ತಿರುವುದು ಶೇ 2.5ರ ಆಸುಪಾಸು. ಆ ದರದಲ್ಲಿ 10,000 ರೂಪಾಯಿಯನ್ನು ವರ್ಷವಿಡೀ ಮುಟ್ಟದೆ ಇಟ್ಟರೆ ಬರುವುದು 250. ಒಂದು ತಿಂಗಳು ತಪ್ಪಿದರೆ ಒಂದೂವರೆ ವರ್ಷದ ಬಡ್ಡಿ ಹೋಯಿತು.

ಎಟಿಎಂ ಶುಲ್ಕವೂ ನೋಡನೋಡುತ್ತಲೇ ಏರಿದೆ. ಉಚಿತ ಮಿತಿ ದಾಟಿದ ಮೇಲೆ ಪ್ರತಿ ಸಲ ಗರಿಷ್ಠ 20 ರೂಪಾಯಿ ಇದ್ದದ್ದು 2022ರ ಜನವರಿಯಿಂದ 21 ಆಯಿತು, 2025ರ ಮೇ 1ರಿಂದ 23. ಜಿಎಸ್‌ಟಿ ಸೇರಿದರೆ 27 ರೂಪಾಯಿ 14 ಪೈಸೆ. ನಮ್ಮದೇ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ಸಲ ಉಚಿತ. ಬೇರೆ ಬ್ಯಾಂಕಿನದಾದರೆ ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮೂರು, ಉಳಿದ ಕಡೆ ಐದು. ಬೇರೆ ಬ್ಯಾಂಕಿನ ಯಂತ್ರದಲ್ಲಿ ಸುಮ್ನೆ ಬ್ಯಾಲೆನ್ಸ್ ನೋಡಿದರೂ ಅದು ಈ ಎಣಿಕೆಗೆ ಬರುತ್ತದೆ. ಆದರೆ ಯಂತ್ರದಲ್ಲಿ ನೋಟು ಖಾಲಿಯಾಗಿಯೋ ತಾಂತ್ರಿಕ ತೊಂದರೆಯಿಂದಲೋ ದುಡ್ಡು ಬರದೆ ಹೋದರೆ ಅದನ್ನು ಎಣಿಸುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಆರ್‌ಬಿಐ ಇದನ್ನು ಸ್ಪಷ್ಟವಾಗಿ ಹೇಳಿದೆ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಅಂಥ ಸಾಲು ಕಂಡರೆ ಬಿಡಬೇಡಿ.

ಕಾರ್ಡಿನ ವಾರ್ಷಿಕ ಶುಲ್ಕ, ಎಸ್‌ಎಂಎಸ್ ಶುಲ್ಕ, ಬ್ರಾಂಚಿನಲ್ಲಿ ನಗದು ವ್ಯವಹಾರದ ಶುಲ್ಕ, ಇಎಂಐ ಆಟೋ ಡೆಬಿಟ್ ವಾಪಸಾದರೆ ಅದಕ್ಕೊಂದು ಶುಲ್ಕ. ಈ ಪಟ್ಟಿ ಉದ್ದ ಇದೆ. ನನಗೆ ಕಿರಿಕಿರಿಯಾಗಿದ್ದು ಕಾರ್ಡಿನದು. ಹಳೆಯ ಕಾರ್ಡಿನ ಅವಧಿ ಮುಗಿದಾಗ ನಾನು ಕೇಳದೆಯೇ ಮೇಲಿನ ದರ್ಜೆಯ ಕಾರ್ಡ್ ಕಳಿಸಿದರು. ಅದರ ವಾರ್ಷಿಕ ಶುಲ್ಕವೂ ಮೇಲಿನ ದರ್ಜೆಯದೇ. ಸಾಮಾನ್ಯ ರುಪೇ ಕಾರ್ಡ್ ಸಾಕು ಎಂದು ಬರೆದುಕೊಟ್ಟ ಮೇಲೆ ಬದಲಾಯಿಸಿದರು. ಕೇಳಿದರೆ ಮಾಡುತ್ತಾರೆ, ಆದರೆ ಕೇಳಬೇಕು.

ದಂಡದ ಸಾಲು ಸ್ಟೇಟ್‌ಮೆಂಟಿನಲ್ಲಿ ಹೇಗಿರುತ್ತದೆ ಅನ್ನೋದನ್ನೂ ಹೇಳಬೇಕು. "ಮಿನಿಮಮ್ ಬ್ಯಾಲೆನ್ಸ್ ಇಲ್ಲದ್ದಕ್ಕೆ ದಂಡ" ಎಂದು ಬಿಡಿಸಿ ಬರೆದಿರುವುದಿಲ್ಲ. ಮೂರ್ನಾಲ್ಕು ಇಂಗ್ಲಿಷ್ ಅಕ್ಷರ, ಹಿಂದಿನ ಯಾವುದೋ ತಿಂಗಳ ಹೆಸರು, ಒಂದು ನಂಬರ್. ಜಿಎಸ್‌ಟಿ ಬೇರೆ ಸಾಲಿನಲ್ಲಿ. ಮೇಲೆ ಕೆಳಗೆ ನೂರಾರು ಯುಪಿಐ ಸಾಲುಗಳು. ಕಣ್ಣಿಗೆ ಬೀಳುವುದೇ ಕಷ್ಟ. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಬಾಕಿ ಎಂದು ಬರೆದಿಟ್ಟುಕೊಂಡು, ಮುಂದೆ ದುಡ್ಡು ಬಿದ್ದ ಕೂಡಲೇ ಹಿಡಿದುಕೊಳ್ಳುತ್ತಾರೆ. ನನ್ನ ಖಾತೆಗೆ ಆದಾಯ ತೆರಿಗೆ ರೀಫಂಡ್ ಬಂದ ದಿನವೇ ಹಳೆಯ ತಿಂಗಳುಗಳ ದಂಡ ಒಟ್ಟಿಗೆ ಕಡಿತವಾಯಿತು.

ಬ್ರಾಂಚಿಗೆ ಹೋಗಿ ಕೇಳಿದೆ. ಕೌಂಟರಿನಲ್ಲಿದ್ದವರು ಒಳ್ಳೆಯವರೇ.

"ಅದು ಸಿಸ್ಟಮ್ಮೇ ಹಾಕೋದು ಸರ್, ನಾವು ಹಾಕಲ್ಲ."

"ವಾಪಸ್ ಹಾಕಿಸೋಕೆ ಯಾರನ್ನ ಕೇಳಬೇಕು ಮೇಡಂ?"

"ಮ್ಯಾನೇಜರ್ ಹೆಸರಿಗೆ ಒಂದು ಲೆಟರ್ ಕೊಡಿ. ಒಂದ್ಸಲಕ್ಕೆ ಮಾಡ್ಕೊಡ್ತಾರೆ."

ಲೆಟರ್ ಕೊಡುವ ಮೊದಲು ಆರ್‌ಬಿಐ ನಿಯಮ ಓದಿದೆ. 2014ರ ನವೆಂಬರ್‌ನಲ್ಲಿ ಹೊರಟ ಸುತ್ತೋಲೆ ಅದು, ಜಾರಿಗೆ ಬಂದದ್ದು 2015ರ ಏಪ್ರಿಲ್ 1ರಿಂದ. ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ತುಂಬಿಸಲು ಒಂದು ತಿಂಗಳು ಸಮಯ ಕೊಡಬೇಕು. ಆಗಲೂ ತುಂಬದಿದ್ದರೆ ಮಾತ್ರ ದಂಡ. ಆ ದಂಡ ಎಷ್ಟು ಕೊರತೆಯೋ ಅದಕ್ಕೆ ತಕ್ಕಂತೆ ಇರಬೇಕು. ಬರೀ ದಂಡದ ಕಾರಣಕ್ಕೆ ಖಾತೆ ಮೈನಸ್‌ಗೆ ಇಳಿಯಬಾರದು. ನಾಲ್ಕೂ ನಮ್ಮ ಕೈಯಲ್ಲಿರುವ ಹಕ್ಕುಗಳು. ಬ್ರಾಂಚಿನ ಗೋಡೆಯ ಮೇಲೆ ಸಾಲದ ಜಾಹೀರಾತು ಇರುವ ಜಾಗದಲ್ಲಿ ಇವನ್ನು ಹಾಕಬೇಕಿತ್ತು.

ಹಾಗಾಗಿ ದಯವಿಟ್ಟು ಮನ್ನಾ ಮಾಡಿ ಎಂದು ಬರೆಯಲಿಲ್ಲ. ಯಾವ ತಿಂಗಳ ದಂಡಕ್ಕೆ ಯಾವ ದಿನ, ಯಾವ ನಂಬರಿಗೆ ಸೂಚನೆ ಕಳಿಸಿದಿರಿ, ತೋರಿಸಿ ಎಂದು ಇಮೇಲ್‌ನಲ್ಲಿ ಕೇಳಿದೆ. ಮೊದಲು ಸಿದ್ಧ ಉತ್ತರ ಬಂತು. ಅದೇ ಪ್ರಶ್ನೆಯನ್ನು ಮತ್ತೆ ಕಳಿಸಿದೆ. ಕೆಲವು ತಿಂಗಳ ದಂಡ ಜಿಎಸ್‌ಟಿ ಸಮೇತ ವಾಪಸ್ ಬಂತು. ಉಳಿದ ತಿಂಗಳುಗಳಿಗೆ ಎಸ್‌ಎಂಎಸ್ ಹೋದ ದಾಖಲೆ ತೋರಿಸಿದರು, ಅದನ್ನು ಒಪ್ಪಿಕೊಂಡೆ. ಬಾಯಲ್ಲಿ ಹೇಳಿದ್ದಕ್ಕೂ ಬರೆದು ಕೇಳಿದ್ದಕ್ಕೂ ಇಷ್ಟು ವ್ಯತ್ಯಾಸ. 30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಆನ್‌ಲೈನ್‌ನಲ್ಲೇ ಆಗುತ್ತದೆ, ದುಡ್ಡು ಕೊಡಬೇಕಿಲ್ಲ. 14448ಕ್ಕೆ ಫೋನ್ ಮಾಡಿ ವಿವರ ಕೇಳಬಹುದು.

ನನ್ನ ಸುತ್ತಮುತ್ತಲಿನವರು ಏನು ಮಾಡುತ್ತಾರೆ ಎಂದು ನೋಡಿದ್ದೇನೆ. ಹೆಚ್ಚಿನವರು ಜಗಳ ಆಡುವುದಿಲ್ಲ. ಇದ್ದ ದುಡ್ಡೆಲ್ಲ ತೆಗೆದು ಖಾತೆಯನ್ನು ಖಾಲಿ ಬಿಟ್ಟು ಮರೆತುಬಿಡುತ್ತಾರೆ. ಇದು ಕೆಟ್ಟ ದಾರಿ. ಬಾಕಿ ಬೆಳೆಯುತ್ತಾ ಹೋಗಬಹುದು, ಯಾವತ್ತೋ ಆ ಖಾತೆಗೆ ದುಡ್ಡು ಬಿದ್ದರೆ ನುಂಗಿಬಿಡುತ್ತದೆ. ಎರಡು ವರ್ಷ ವ್ಯವಹಾರವೇ ಇಲ್ಲದೆ ನಿಷ್ಕ್ರಿಯವಾದ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ, ನಿಜ. ಆದರೆ ಆ ಎರಡು ವರ್ಷದೊಳಗಿನದ್ದು? ಬೇಡವಾದ ಖಾತೆಯನ್ನು ಮುಚ್ಚಿಸಿಯೇಬಿಡಬೇಕು. ಇನ್ನು ವಯಸ್ಸಾದವರು ಸುಮ್ಮನೆ ಕೊಟ್ಟುಬಿಡುತ್ತಾರೆ. ಹಲವು ಖಾಸಗಿ ಬ್ಯಾಂಕುಗಳಲ್ಲಿ ತಿಂಗಳಿಗೆ ಮೂರೋ ನಾಲ್ಕೋ ಸಲ ಬಿಟ್ಟರೆ ಕೌಂಟರಿನ ನಗದು ವ್ಯವಹಾರಕ್ಕೆ 150 ರೂಪಾಯಿ. ಮೊಬೈಲಿನಲ್ಲಿ ದುಡ್ಡು ಕಳಿಸಲು ಬಾರದವರೇ ಇದನ್ನು ಕಟ್ಟುತ್ತಿರುವುದು. ಅವರ ಪಾಸ್‌ಬುಕ್ಕನ್ನು ಮನೆಯ ಮಕ್ಕಳು ತಿಂಗಳಿಗೊಮ್ಮೆ ನೋಡಿಕೊಟ್ಟರೆ ತುಂಬಾ ಉಪಕಾರ.

ಜನ ಒಟ್ಟಾಗಿ ದನಿ ಎತ್ತಿದರೆ ಬ್ಯಾಂಕು ಕೇಳಿಸಿಕೊಳ್ಳುತ್ತದೆ ಅನ್ನೋದಕ್ಕೆ 2025ರ ಆಗಸ್ಟ್ ಸಾಕ್ಷಿ. ಐಸಿಐಸಿಐ ಬ್ಯಾಂಕು ನಗರಗಳ ಹೊಸ ಖಾತೆಗಳಿಗೆ ಸರಾಸರಿ ಬ್ಯಾಲೆನ್ಸನ್ನು 10,000ದಿಂದ 50,000ಕ್ಕೆ ಏರಿಸಿತು. ಸಾಮಾಜಿಕ ಜಾಲತಾಣದಲ್ಲಿ ಜನ ತಿರುಗಿಬಿದ್ದರು. ಕೆಲವೇ ದಿನದಲ್ಲಿ 15,000ಕ್ಕೆ ಇಳಿಸಿತು. ಆ ಹೊತ್ತಿಗೆ ಆರ್‌ಬಿಐ ಗವರ್ನರ್ ಸಂಜಯ್ ಮಲ್ಹೋತ್ರಾ, ಮಿನಿಮಮ್ ಬ್ಯಾಲೆನ್ಸ್ ಎಷ್ಟಿರಬೇಕು ಅನ್ನೋದು ಬ್ಯಾಂಕುಗಳಿಗೇ ಬಿಟ್ಟದ್ದು ಎಂದಿದ್ದರು. ಅಂದರೆ ಮೊತ್ತ ಇಳಿಸಿದ್ದು ಯಾವ ಕಾನೂನೂ ಅಲ್ಲ, ಗ್ರಾಹಕರು. ಇನ್ನೊಂದು ಕಡೆ ಸರ್ಕಾರಿ ಬ್ಯಾಂಕುಗಳು ಈ ದಂಡವನ್ನು ಕೈಬಿಡುತ್ತಾ ಬಂದಿವೆ. ಎಸ್‌ಬಿಐ 2020ರ ಮಾರ್ಚ್‌ನಲ್ಲೇ ತೆಗೆಯಿತು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ ಎಲ್ಲ ಬಗೆಯ ಉಳಿತಾಯ ಖಾತೆಗಳಿಗೂ ತೆಗೆಯಿತು. ಪಂಜಾಬ್ ನ್ಯಾಷನಲ್ ಬ್ಯಾಂಕು, ಇಂಡಿಯನ್ ಬ್ಯಾಂಕು ಮರು ತಿಂಗಳೇ ಅದೇ ದಾರಿ ಹಿಡಿದವು.

ನಾನು ಸಂಬಳ, ಇಎಂಐ ಎಲ್ಲವನ್ನೂ ಒಂದು ಸರ್ಕಾರಿ ಬ್ಯಾಂಕಿಗೆ ತಂದಿದ್ದೇನೆ. ಆ್ಯಪ್ ಇದರಷ್ಟು ನಯವಾಗಿಲ್ಲ, ಒಪ್ಪುತ್ತೇನೆ. ಬೆಳಿಗ್ಗೆ ಒಮ್ಮೊಮ್ಮೆ ಲಾಗಿನ್ ಆಗಲು ಸತಾಯಿಸುತ್ತದೆ. ಬ್ರಾಂಚಿನಲ್ಲಿ ಕ್ಯೂ ಇದೆ. ಆದರೆ ತಿಂಗಳ ಕೊನೆಯಲ್ಲಿ ಎಷ್ಟು ಉಳಿದಿದೆ ಎಂದು ಹೆದರುತ್ತಾ ನೋಡುವುದು ತಪ್ಪಿದೆ. ಯುಪಿಐ ಎಲ್ಲಾ ಬ್ಯಾಂಕಿಗೂ ಒಂದೇ. ಉಳಿತಾಯ ಖಾತೆಯಿಂದ ಆನ್‌ಲೈನ್‌ನಲ್ಲಿ ಮಾಡುವ ನೆಫ್ಟ್ (ಬೇರೆ ಬ್ಯಾಂಕಿನ ಖಾತೆಗೆ ದುಡ್ಡು ಕಳಿಸುವ ವಿಧಾನ) 2020ರ ಜನವರಿಯಿಂದ ಎಲ್ಲೆಡೆ ಉಚಿತ. ಹಾಗಿರುವಾಗ ಆ್ಯಪಿನ ಅಂದಕ್ಕೋಸ್ಕರ 10,000 ಕಟ್ಟಿಹಾಕಿ ಇಡುವುದು ನನಗೆ ಸರಿ ಕಾಣಲಿಲ್ಲ.

ಬ್ಯಾಂಕು ಬದಲಾಯಿಸಲು ಇಷ್ಟವಿಲ್ಲದವರಿಗೆ ಇನ್ನೊಂದು ದಾರಿ ಇದೆ. ಬೇಸಿಕ್ ಸೇವಿಂಗ್ಸ್ ಖಾತೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗೆ ದುಡ್ಡಿಲ್ಲ, ತಿಂಗಳಿಗೆ ನಾಲ್ಕು ಸಲವಾದರೂ ಉಚಿತವಾಗಿ ದುಡ್ಡು ತೆಗೆಯಬಹುದು. ಖಾಸಗಿ ಬ್ಯಾಂಕುಗಳೂ ಕೊಡಲೇಬೇಕು. ಇದು ಬಡವರಿಗೆ ಮಾತ್ರ ಎಂದು ಕೆಲವು ಬ್ರಾಂಚಿನಲ್ಲಿ ಹೇಳಿಬಿಡುತ್ತಾರೆ. ಅಂಥ ಷರತ್ತು ಇಲ್ಲ, ಯಾರು ಬೇಕಾದರೂ ತೆರೆಯಬಹುದು. ಒಂದೇ ಮಾತು: ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು.

ಒಟ್ಟಿನಲ್ಲಿ ಈ ಖಾತೆಗೆ ನನ್ನ ಅಂಕ ಐದಕ್ಕೆ ಎರಡೂವರೆ. ಯಾವಾಗಲೂ 30-40 ಸಾವಿರ ಖಾತೆಯಲ್ಲಿ ಬಿದ್ದಿರುತ್ತದೆ ಅನ್ನುವವರು ಇಟ್ಟುಕೊಳ್ಳಿ, ತೊಂದರೆ ಇಲ್ಲ. ತಿಂಗಳ ಸಂಬಳ ತಿಂಗಳಿಗೇ ಸರಿಹೋಗುವವರಿಗೆ, ಕಾಲೇಜು ಮಕ್ಕಳಿಗೆ, ಪಿಂಚಣಿಯಲ್ಲಿ ಬದುಕುವವರಿಗೆ ಬೇಡ ಎನ್ನುತ್ತೇನೆ. ಮುಚ್ಚಿಸಲು ಹೊರಟರೆ ಮೊದಲು ಆಟೋ ಡೆಬಿಟ್, ಇನ್ಶೂರೆನ್ಸ್ ಕಂತು, ಗ್ಯಾಸ್ ಸಬ್ಸಿಡಿ, ಪಿಎಫ್, ತೆರಿಗೆ ರೀಫಂಡ್ ಎಲ್ಲದಕ್ಕೂ ಹೊಸ ಖಾತೆ ಜೋಡಿಸಿ. ಹಳೆಯ ಸ್ಟೇಟ್‌ಮೆಂಟುಗಳನ್ನು ಇಳಿಸಿಟ್ಟುಕೊಳ್ಳಿ, ಮುಚ್ಚಿದ ಮೇಲೆ ಆ್ಯಪಿನಲ್ಲಿ ಸಿಗುವುದಿಲ್ಲ. ಬಾಕಿ ಶುಲ್ಕ ಎಷ್ಟಿದೆ ಎಂದು ಬರವಣಿಗೆಯಲ್ಲಿ ಕೇಳಿ, ತಪ್ಪಿದ್ದರೆ ಮೊದಲು ಅದನ್ನು ತೆಗೆಸಿ. ಆಮೇಲೆ ಅರ್ಜಿ, ಉಳಿದ ಚೆಕ್, ಕಾರ್ಡ್ ಕೊಟ್ಟು ಸೀಲ್ ಹಾಕಿದ ಸ್ವೀಕೃತಿ ಪಡೆದುಕೊಳ್ಳಿ.