ಪೈಪ್ ತಂಬಾಕು: ಧಾರವಾಡದ ಮಳೆಗೆ ಯಾವುದು, ಗದಗಿನ ಬಿಸಿಲಿಗೆ ಯಾವುದು

ಪೈಪಿಗೆ ಹಾಕುವ ತಂಬಾಕಿನಲ್ಲಿ ಬೆಲೆಗಿಂತ, ಡಬ್ಬಿಯ ಮೇಲಿನ ಹೆಸರಿಗಿಂತ ಹದ ಮುಖ್ಯ. ಅದೇ ಡಬ್ಬಿಯ ತಂಬಾಕು ಜುಲೈನಲ್ಲಿ ಧಾರವಾಡದಲ್ಲಿ ನಾಲಿಗೆ ಸುಡುತ್ತದೆ, ಏಪ್ರಿಲ್‌ನಲ್ಲಿ ಗದಗಿನಲ್ಲಿ ರುಚಿಯೇ ಇಲ್ಲದೆ ಭರಭರನೆ ಉರಿದು ಮುಗಿಯುತ್ತದೆ. ಹೊರದೇಶದ ತಂಪು ಹವೆಯಲ್ಲಿ ಕೂತವರ ಶಿಫಾರಸು ನಮಗೆ ಅರ್ಧ ಮಾತ್ರ ಉಪಯೋಗ. ಆದ್ದರಿಂದ ವರ್ಜಿನಿಯಾ ಫ್ಲೇಕ್, ಲಟಾಕಿಯಾ ಬೆರೆತ ಇಂಗ್ಲಿಷ್ ಮಿಶ್ರಣ, ಸುವಾಸನೆ ಹಾಕಿದ ಅರೋಮ್ಯಾಟಿಕ್ ಈ ಮೂರನ್ನೂ ಇಲ್ಲಿಯ ಹವೆಯಲ್ಲೇ ಎದುರುಬದುರು ಇಟ್ಟು ಸೇದಿ ನೋಡಿದೆವು. ಕೈಗೆ ಸುಲಭವಾಗಿ ಸಿಗುತ್ತದೆಂದು ನಿಪ್ಪಾಣಿ ಸೀಮೆಯ ಬೀಡಿ ತಂಬಾಕನ್ನೂ ಸೇರಿಸಿಕೊಂಡೆವು.

ಒಂದು ಮಾತು ಮೊದಲೇ ಹೇಳಬೇಕು. ಹೊಗೆಯನ್ನು ಎದೆಗೆ ಎಳೆಯದಿದ್ದರೂ ಪೈಪು ಬಾಯಿ, ಗಂಟಲಿನ ಕ್ಯಾನ್ಸರ್ ತರಬಲ್ಲದು. ಇದು ಈಗಾಗಲೇ ಸೇದುತ್ತಿರುವ ದೊಡ್ಡವರಿಗೆ ಬರೆದದ್ದು, ಸೇದದವರನ್ನು ಕರೆಯಲು ಅಲ್ಲ.

ಹೋಲಿಕೆ ನ್ಯಾಯವಾಗಿರಬೇಕಾದರೆ ಪೈಪಿನ ಹಳೆಯ ವಾಸನೆ ನಡುವೆ ಬರಬಾರದು. ಅದಕ್ಕೇ ಒಂದೊಂದು ತಂಬಾಕಿಗೆ ಒಂದೊಂದು ಹೊಸ ಕಾರ್ನ್‌ಕಾಬ್ ಪೈಪು. ಗೋವಿನಜೋಳದ ದಿಂಡಿನ ಈ ಪೈಪುಗಳು ಅಮೆರಿಕದ ಮಿಸೌರಿಯ ವಾಷಿಂಗ್ಟನ್ ಎಂಬ ಊರಿನಲ್ಲಿ 1869ರಿಂದ ತಯಾರಾಗುತ್ತಿವೆ. ಹಾವೇರಿ ಕಡೆ ಒಲೆಗೆ ಹೋಗುವ ದಿಂಡಿನಲ್ಲಿ ಇದನ್ನು ಕೊರೆದುಕೊಳ್ಳಲು ಹೋಗಬೇಡಿ, ಅದು ತೆಳು, ತಳ ಬೇಗ ಸುಟ್ಟುಹೋಗುತ್ತದೆ. ಪ್ರತಿ ಸಲ ಎರಡು ಗ್ರಾಮಿನಷ್ಟು ತಂಬಾಕು. ಡಬ್ಬಿಯಿಂದ ತೆಗೆದ ಹಾಗೆಯೇ ಒಂದು ಸಲ, ಅರ್ಧ ಆರಿಸಿ ಒಂದು ಸಲ, ಪೂರ್ತಿ ಆರಿಸಿ ಒಂದು ಸಲ. ಮಿರ್ಚಿ, ಗಿರಮಿಟ್ ತಿಂದ ಬಾಯಿಗೆ ಕನಿಷ್ಠ ಒಂದು ತಾಸು ಬಿಡುವು ಕೊಡಬೇಕು, ಖಾರದ ನಾಲಿಗೆಗೆ ಯಾವ ತಂಬಾಕೂ ಒಂದೇ. ನಡುವೆ ಕುಡಿಯಲು ಬರೀ ನೀರು, ಇಲ್ಲವೇ ಸಕ್ಕರೆ ಹಾಕದ ಚಹಾ.

ಮೊದಲು ವರ್ಜಿನಿಯಾ ಫ್ಲೇಕ್. ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್‌ಗಳಲ್ಲಿ, ಅಂದರೆ ಬಿಸಿ ಕೊಟ್ಟು ಎಲೆ ಒಣಗಿಸುವ ಮನೆಗಳಲ್ಲಿ, ಬೇಯಿಸುವ ಎಲೆಯೂ ಇದೇ ಜಾತಿ. ಆದರೆ ಅದು ಹೋಗುವುದು ಸಿಗರೇಟಿಗೆ, ಆ ಸಣ್ಣ ಎಳೆ ಪೈಪಿನಲ್ಲಿ ಬೇಗ ಉರಿಯುತ್ತದೆ. ಫ್ಲೇಕ್ ಎಂದರೆ ಎಲೆಯನ್ನು ಒತ್ತಿ ಗಟ್ಟಿ ಹಲಗೆ ಮಾಡಿ, ತೆಳುವಾಗಿ ಹೆಚ್ಚಿದ್ದು. ಬ್ಯಾರನ್ನಿನ ಬಿಸಿಗೆ ಎಲೆ ಬೇಗ ಒಣಗುವುದರಿಂದ ಸಕ್ಕರೆ ಅಂಶ ಉಳಿದುಕೊಳ್ಳುತ್ತದೆ. ಇದರ ಸಿಹಿಯೂ ಅದರಿಂದಲೇ, ಕಾಟವೂ ಅದರಿಂದಲೇ. ಹಸಿಯಿದ್ದರೆ ಬೆಂಕಿ ನಿಲ್ಲುವುದಿಲ್ಲ, ನಿಲ್ಲಲಿಲ್ಲವೆಂದು ಜೋರಾಗಿ ಎಳೆಯುತ್ತೀರಿ, ಆಗ ಹಬೆ ನೇರ ನಾಲಿಗೆಯ ತುದಿಗೆ ಬಡಿಯುತ್ತದೆ. ಅನೇಕರು ವರ್ಜಿನಿಯಾ ಖಾರವೆಂದು ಬಿಟ್ಟುಬಿಡುವುದು ಇಲ್ಲೇ. ಅದು ಖಾರವಲ್ಲ, ಹಬೆಯ ಸುಡುವಿಕೆ.

ಡಬ್ಬಿಯಿಂದ ತೆಗೆದಾಗ ಫ್ಲೇಕ್ ಬೆರಳಿಗೆ ಅಂಟುತ್ತದೆ. ಅಂಗೈಯಲ್ಲಿ ತಿಕ್ಕಿ ಎಳೆ ಬಿಡಿಸಿ, ಕಾಗದದ ಮೇಲೆ ಹರಡಿ. ಏಪ್ರಿಲ್‌ನಲ್ಲಿ ಇಪ್ಪತ್ತು ನಿಮಿಷ ಸಾಕು. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದಾಗ ಎರಡು ತಾಸು ಬಿಟ್ಟರೂ ಆರುವುದಿಲ್ಲ, ಗಾಳಿಯ ತೇವವನ್ನು ಎಳೆದುಕೊಂಡು ಇನ್ನೂ ಮೆತ್ತಗಾಗಬಹುದು. ಆಗ ಹಳೆಯ 60 ವ್ಯಾಟಿನ ಬಲ್ಬಿನ ಕೆಳಗೆ ಒಂದು ಗೇಣು ದೂರದಲ್ಲಿಡಿ. ಕಾದ ಹಂಚಿನ ಮೇಲೆ ಬೇಡ, ಪರಿಮಳ ಹಾರಿಹೋಗುತ್ತದೆ. ಒಂದು ಚಿಟಿಕೆ ಹಿಂಡಿ ಬಿಟ್ಟಾಗ ಉಂಡೆಯಾಗಿ ಉಳಿಯದೆ ನಿಧಾನ ಬಿಚ್ಚಿಕೊಳ್ಳಬೇಕು, ಚಟಚಟ ಮುರಿಯಬಾರದು. ಅದೇ ಹದ.

ಆ ಹದ ಸಿಕ್ಕರೆ ವರ್ಜಿನಿಯಾಕ್ಕೆ ಉಳಿದೆರಡೂ ಸರಿಸಾಟಿಯಲ್ಲ. ಪೈಪಿಗೆ ತುಂಬಿದ ತಂಬಾಕಿನ ಮೇಲಿನ ಮೂರನೇ ಒಂದು ಭಾಗ ಉರಿಯುವಾಗ ಒಣಹುಲ್ಲು, ನಿಂಬೆಸಿಪ್ಪೆಯ ರುಚಿ. ನಡುವೆ ಬೆಲ್ಲದ ಪಾಕದ ಸಿಹಿ ದಟ್ಟವಾಗುತ್ತದೆ. ತಳದಲ್ಲಿ ಕಾಳುಮೆಣಸಿನ ಚುರುಕು. ಈ ಬದಲಾವಣೆ ತಿಳಿಯಬೇಕಾದರೆ ಅರ್ಧ ನಿಮಿಷಕ್ಕೊಂದು ಸಣ್ಣ ಗುಟುಕು, ಅಷ್ಟೇ. ಬಾಯಲ್ಲಿರುವ ಹೊಗೆಯಲ್ಲಿ ಸ್ವಲ್ಪವೇ ಸ್ವಲ್ಪ ಮೂಗಿನಿಂದ ಹೊರಬಿಟ್ಟರೆ ನಾಲಿಗೆಗೆ ಸಿಗದ ಪರಿಮಳ ಅಲ್ಲಿ ಸಿಗುತ್ತದೆ. ಚಿಲುಮೆ ಸೇದಿ ರೂಢಿಯಾದವರಿಗೆ ಇದೇ ಕಷ್ಟ, ದಮ್ಮು ಎಳೆಯುವ ಕಡೆಗೇ ಮನಸ್ಸು.

ಲಟಾಕಿಯಾದ ಸ್ವಭಾವವೇ ಬೇರೆ. ಸಿರಿಯಾದ ಬಂದರಿನ ಹೆಸರು ಹೊತ್ತರೂ ಈಗ ಬರುವುದು ಬಹುತೇಕ ಸೈಪ್ರಸ್‌ನಿಂದ. ಎಲೆಯನ್ನು ಕಟ್ಟಿಗೆ, ಪೊದೆಗಳ ಹೊಗೆಯಲ್ಲಿ ಕಪ್ಪಾಗುವ ತನಕ ಹೊಗೆಯಾಡಿಸುತ್ತಾರೆ. ಸಕ್ಕರೆ ಕಡಿಮೆ, ಉರಿ ತಂಪು. ಹೀಗಾಗಿ ಹದ ತುಸು ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಮಳೆಗಾಲದಲ್ಲಿ ಡಬ್ಬಿಯಿಂದ ನೇರ ಸೇದಿದಾಗ ನಾಲಿಗೆ ಸುಡದೆ ಉಳಿದದ್ದು ಇದೊಂದೇ. ಮಿಶ್ರಣದಲ್ಲಿ ಲಟಾಕಿಯಾ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಇದ್ದರೆ ವರ್ಜಿನಿಯಾದ ಸಿಹಿಯೂ ತಿಳಿಯುತ್ತದೆ. ಅರ್ಧ ದಾಟಿದರೆ ಬರೀ ಹೊಗೆಯ ರುಚಿ. ಕೊರತೆಯೆಂದರೆ ಮೊದಲಿನಿಂದ ಕೊನೆಯ ತನಕ ಹೆಚ್ಚುಕಡಿಮೆ ಒಂದೇ ರಾಗ, ಮತ್ತು ಪರದೆ, ಹೊದಿಕೆಗಳಲ್ಲಿ ವಾಸನೆ ದಿನಗಟ್ಟಲೆ ಉಳಿಯುತ್ತದೆ. ಮನೆಮಂದಿ ತಕರಾರು ಮಾಡಿದರೆ ಅವರದೇ ಸರಿ.

ಅರೋಮ್ಯಾಟಿಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೆನಿಲಾ, ಚೆರಿ, ರಮ್ಮಿನ ಪರಿಮಳ ಪಕ್ಕದಲ್ಲಿ ಕೂತವರಿಗೆ ಹಿತ, ಸೇದುವವರ ಬಾಯಿಗೆ ಮಾತ್ರ ಬಿಸಿ ಗಾಳಿ. ಒಣಗದಿರಲೆಂದು ಹಾಕುವ ಪ್ರೊಪಿಲಿನ್ ಗ್ಲೈಕಾಲ್ ಇಲ್ಲಿಯ ಮಳೆಗಾಲದಲ್ಲಿ ಎಷ್ಟು ಹರಡಿಟ್ಟರೂ ಆರಗೊಡುವುದಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಕೊಳವೆಯಲ್ಲಿ ನೀರು ಗುಳುಗುಳು ಎನ್ನುತ್ತದೆ. ಆಗ ಪೈಪ್ ಕ್ಲೀನರನ್ನು ತಳದವರೆಗೆ ತೂರಿಸಿ ತೆಗೆಯಬೇಕು. ಬಿಸಿಯಿರುವಾಗ ಕೊಳವೆ ತಿರುಗಿಸಿ ಬಿಚ್ಚಿದರೆ ಕೂಡುವ ಜಾಗ ಸೀಳುತ್ತದೆ ಅಥವಾ ಸಡಿಲಾಗುತ್ತದೆ. ಗದಗಿನ ಬೇಸಿಗೆಯಲ್ಲಿ ಇದಕ್ಕೆ ಸ್ವಲ್ಪ ಬೆಲೆ ಬರುತ್ತದೆ, ಉಳಿದವು ಪುಡಿಯಾಗುವಾಗಲೂ ಇದು ಮೆತ್ತಗೆ ಉಳಿಯುತ್ತದೆ.

ಬೀಡಿ ತಂಬಾಕಿನ ಕತೆ ಚಿಕ್ಕದು. ಬಿಸಿಲಿಗೆ ಒಣಗಿಸಿದ ಎಲೆ, ಸಕ್ಕರೆ ಕಡಿಮೆ, ನಿಕೋಟಿನ್ ಜಾಸ್ತಿ. ಬೀಡಿಗೆಂದು ಸಣ್ಣಗೆ ಕುಟ್ಟಿದ್ದರಿಂದ ಬೌಲಿನ, ಅಂದರೆ ಪೈಪಿನಲ್ಲಿ ತಂಬಾಕು ತುಂಬುವ ಗುಂಡಿಯ, ತಳದ ತೂತು ಮುಚ್ಚುತ್ತದೆ. ಘಾಟಿಗೆ ಬಿಕ್ಕಳಿಕೆ ಮೊದಲು, ತಲೆಸುತ್ತು ಆಮೇಲೆ. ಜರಡಿ ಹಿಡಿದು ದಪ್ಪ ಚೂರು ಆರಿಸಿ, ಹತ್ತರಲ್ಲಿ ಒಂದು ಪಾಲು ವರ್ಜಿನಿಯಾಕ್ಕೆ ಬೆರೆಸಿದಾಗ ಮಾತ್ರ ಹೊಗೆಗೆ ಒಳ್ಳೆಯ ತೂಕ ಬಂತು. ಅದಕ್ಕಿಂತ ಹೆಚ್ಚು ಬೇಡ.

ಯಾವುದೇ ಇರಲಿ, ತುಂಬುವ ರೀತಿ ತಪ್ಪಿದರೆ ಹೋಲಿಕೆಯೇ ಸುಳ್ಳಾಗುತ್ತದೆ. ಮೊದಲ ಪದರ ಉದುರಿಸಿ ಬಿಡಿ, ಎರಡನೆಯದನ್ನು ಮೆಲ್ಲಗೆ ಒತ್ತಿ, ಮೂರನೆಯದನ್ನು ತುಸು ಗಟ್ಟಿಯಾಗಿ. ಹೊತ್ತಿಸುವ ಮುಂಚೆ ಎಳೆದು ನೋಡಿದಾಗ ಸ್ವಲ್ಪವೇ ತಡೆ ತಿಳಿಯಬೇಕು. ಕಡ್ಡಿ ಗೀರಿ ಗಂಧಕದ ವಾಸನೆ ಹೋದ ಮೇಲೆ ಸುತ್ತಲೂ ಬೆಂಕಿ ತಾಗಿಸಿ. ತಂಬಾಕು ಉಬ್ಬಿ ಮೇಲೆದ್ದಾಗ ಟ್ಯಾಂಪರಿನಿಂದ (ತಂಬಾಕು ಒತ್ತುವ ಸಣ್ಣ ಸಾಧನ) ಸಮ ಮಾಡಿ ಮತ್ತೊಮ್ಮೆ ಹೊತ್ತಿಸಿ. ಗದಗಿನ ಮಾಳಿಗೆಯ ಗಾಳಿಯಲ್ಲಿ ಬೌಲಿಗೆ ತೂತಿನ ಮುಚ್ಚಳ ಬೇಕೇ ಬೇಕು, ಇಲ್ಲದಿದ್ದರೆ ಗಾಳಿಯೇ ಸೇದಿ ಮುಗಿಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ಲಟಾಕಿಯಾ ಮಿಶ್ರಣ, ದಸರೆಯಿಂದ ಹೋಳಿಯವರೆಗೆ ವರ್ಜಿನಿಯಾ ಎಂಬುದು ನಮ್ಮ ಆಯ್ಕೆ. ಬಿರುಬೇಸಿಗೆಯಲ್ಲೂ ವರ್ಜಿನಿಯಾವೇ, ಆದರೆ ಒಂದು ಸಲಕ್ಕೆ ಬೇಕಾದಷ್ಟನ್ನೇ ಹೊರತೆಗೆಯಬೇಕು. ಉಳಿದದ್ದು ರಬ್ಬರ್ ಪಟ್ಟಿಯಿರುವ ಗಾಜಿನ ಭರಣಿಯಲ್ಲಿ, ಕತ್ತಲೆ ಕಪಾಟಿನಲ್ಲಿರಲಿ. ಉಪ್ಪಿನಕಾಯಿ ಹಾಕಿದ್ದ ಭರಣಿ ಎಷ್ಟು ತೊಳೆದರೂ ಬೇಡ, ಮುಚ್ಚಳದ ರಬ್ಬರು ವಾಸನೆ ಬಿಡುವುದಿಲ್ಲ. ತೀರಾ ಒಣಗಿದರೆ ಸೇಬಿನ ಹೋಳು ಹಾಕುವ ಪದ್ಧತಿ ನಮ್ಮ ಸೆಕೆಗೆ ಒಗ್ಗದು, ಬೂಸ್ಟು ಹಿಡಿಯುತ್ತದೆ. ತಂಬಾಕನ್ನು ಬಟ್ಟಲಿಗೆ ಹಾಕಿ, ಹಿಂಡಿದ ಒದ್ದೆ ಬಟ್ಟೆಯನ್ನು ತಂಬಾಕಿಗೆ ತಾಗದಂತೆ ಬಟ್ಟಲಿನ ಬಾಯಿಗೆ ಕಟ್ಟಿ, ಅರ್ಧ ತಾಸಿಗೊಮ್ಮೆ ತಂಬಾಕನ್ನು ಹಿಂಡಿ ನೋಡಿ. ಲಟಾಕಿಯಾ ಸೇದಿದ ಪೈಪಿಗೆ ಗುರುತು ಮಾಡಿ ಬೇರೆ ಇಡಿ, ಅದರಲ್ಲಿ ಹಾಕಿದ ವರ್ಜಿನಿಯಾ ತಿಂಗಳುಗಟ್ಟಲೆ ಲಟಾಕಿಯಾವನ್ನೇ ನಾರುತ್ತದೆ.